5 ಕಿಲೋಮೀಟರ್ ಓಡುವ ಹುಡುಗ ಕಬಡ್ಡಿಯಲ್ಲಿ ಹೊರಗೆ ಕೂರುವುದೇಕೆ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಮಗ ಹತ್ತನೇ ಕ್ಲಾಸು. ದಿನಾ ಬೆಳಿಗ್ಗೆ 5 ಕಿಲೋಮೀಟರ್ ಓಡುತ್ತಾನೆ. ದಂಡ, ಬಸ್ಕಿ ಎಲ್ಲ ಸಲೀಸಾಗಿ ಹೊಡೆಯುತ್ತಾನೆ. ಆದರೂ ಕಬಡ್ಡಿ ಟೀಮಿನಲ್ಲಿ ಅವನನ್ನು ಹೊರಗೆ ಕೂರಿಸುತ್ತಾರೆ. ಕೇಳಿದರೆ, "ಸ್ಟ್ಯಾಮಿನಾ ಇದೆ, ಕಾಲಲ್ಲಿ ಚುರುಕಿಲ್ಲ" ಅಂತಾರೆ ಕೋಚ್. ಇಷ್ಟು ಫಿಟ್ ಇರುವವನಿಗೆ ಇನ್ನೇನು ಬೇಕು? ಜಿಮ್‌ಗೆ ಸೇರಿಸಬೇಕಾ?

ಉತ್ತರ: ನಿಮ್ಮ ಮಗ ಫಿಟ್ ಇದ್ದಾನೆ, ಅದರಲ್ಲಿ ಅನುಮಾನವಿಲ್ಲ. ಕೋಚ್ ಹೇಳಿದ್ದೂ ಸುಳ್ಳಿರಲಿಕ್ಕಿಲ್ಲ. ನೀವು ನೋಡುತ್ತಿರುವ ಫಿಟ್ನೆಸ್ ಒಂದು, ಅವರು ಹುಡುಕುತ್ತಿರುವುದು ಇನ್ನೊಂದು.

ದಮ್ಮು, ಸ್ನಾಯುಗಳ ಬಲ, ಸುಸ್ತಾಗದೆ ದುಡಿಯುವ ತಾಕತ್ತು, ಮೈ ಬಾಗುವುದು, ಮೈಯಲ್ಲಿ ಕೊಬ್ಬು ಮಿತಿಯಲ್ಲಿರುವುದು, ಇವೆಲ್ಲ ಆರೋಗ್ಯಕ್ಕೆ ಬೇಕಾದ ಫಿಟ್ನೆಸ್. ಆಡಲಿ ಬಿಡಲಿ, ಎಲ್ಲರಿಗೂ ಬೇಕು. ಆಟಕ್ಕೆ ಬೇಕಾದ ಫಿಟ್ನೆಸ್ ಬೇರೆ. ಅದರಲ್ಲಿ ಚುರುಕು, ಬ್ಯಾಲೆನ್ಸ್, ಕಣ್ಣು-ಕೈ-ಕಾಲಿನ ಹೊಂದಾಣಿಕೆ, ಪವರ್, ರಿಯಾಕ್ಷನ್ ಟೈಮ್ (ಕಂಡದ್ದಕ್ಕೆ, ಕೇಳಿದ್ದಕ್ಕೆ ಮೈ ಅಲುಗಲು ಹಿಡಿಯುವ ಹೊತ್ತು), ವೇಗ ಅಂತ ಆರು ಬಾಬ್ತು ಲೆಕ್ಕ ಹಾಕುತ್ತಾರೆ. ಆರೋಗ್ಯದ ಫಿಟ್ನೆಸ್ ಬಹುಪಾಲು ಹೃದಯ, ಶ್ವಾಸಕೋಶ, ಸ್ನಾಯುಗಳ ಕೆಲಸ. ಆಟದ ಫಿಟ್ನೆಸ್‌ನಲ್ಲಿ ಮಿದುಳು ಮತ್ತು ನರಗಳ ಪಾಲು ಜಾಸ್ತಿ. ಹಾಗಾಗಿ ಒಂದಿದ್ದರೆ ಇನ್ನೊಂದು ತಾನಾಗೇ ಬರುವುದಿಲ್ಲ.

ಕಬಡ್ಡಿ ಅಂಕಣವನ್ನೇ ನೋಡಿ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಧ್ಯದ ಗೆರೆಯಿಂದ, ದಾಟಿದರೆ ಹೆಚ್ಚುವರಿ ಅಂಕ ಸಿಗುವ ಬೋನಸ್ ಗೆರೆಗೆ ಇರುವುದು ಬರೀ 4.75 ಮೀಟರ್. ಅಂದರೆ 5 ಕಿಲೋಮೀಟರ್ ಓಡುವವನಿಗೆ ಇಲ್ಲಿ 5 ಮೀಟರ್ ಕೂಡ ನೆಟ್ಟಗೆ ಓಡುವ ಕೆಲಸ ಬೀಳುವುದಿಲ್ಲ. ಎದುರಾಳಿಗಳ ಅಂಕಣಕ್ಕೆ ಒಬ್ಬನೇ ನುಗ್ಗುವುದು ರೇಡ್, ನುಗ್ಗುವವನು ರೇಡರ್. 30 ಸೆಕೆಂಡಿನ ರೇಡಿನಲ್ಲಿ ರೇಡರ್ ಹೋಗುತ್ತಾನೆ, ನಿಲ್ಲುತ್ತಾನೆ, ಎಡಕ್ಕೆ ವಾಲಿ ಬಲಕ್ಕೆ ಜಿಗಿಯುತ್ತಾನೆ, ತಿರುಗಿ ಬರುತ್ತಾನೆ. ಬೋನಸ್ ಅಂಕ ಬೇಕಾದರೆ ಎದುರು ಕನಿಷ್ಠ 6 ಜನ ಇರಬೇಕು. ಒಂದು ಕಾಲು ಗೆರೆಯಾಚೆ ನೆಲ ಮುಟ್ಟಿದಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು. ಅಷ್ಟರಲ್ಲಿ ಎದುರಿನ ತಂಡದಲ್ಲಿ ಅಂಕಣದ ಮೂಲೆ ಕಾಯುವ ಕಾರ್ನರಿನವನು ಆ ಪಾದದ ಗಂಟಿಗೇ ಕೈ ಹಾಕುತ್ತಾನೆ. ಒಂಟಿ ಕಾಲಿನಲ್ಲಿ, ಅರೆ ಕ್ಷಣದಲ್ಲಿ ಹಿಂದಕ್ಕೆ ಬರಬೇಕು! ಇಲ್ಲಿ ದಂಡ-ಬಸ್ಕಿಯ ಲೆಕ್ಕ ಕೇಳುವವರಿಲ್ಲ. ಮುಂಬೈಯಲ್ಲೇ ಆಡಿ ಬೆಳೆದ ರಿಶಾಂಕ್ ದೇವಾಡಿಗ ಈ ಬೋನಸ್ ಅಂಕಕ್ಕೇ ಹೆಸರಾದವರು. 2017ರ ಪ್ರೊ ಕಬಡ್ಡಿಯಲ್ಲಿ ಒಂದೇ ಪಂದ್ಯದಲ್ಲಿ 28 ರೇಡ್ ಅಂಕ ತಂದಿದ್ದರು. ಅವರ ಹಳೇ ರೇಡುಗಳ ವಿಡಿಯೋ ಹಾಕಿ, ಬರೀ ಕಾಲನ್ನೇ ನೋಡು ಅಂತ ಮಗನಿಗೆ ಹೇಳಿ.

ಚುರುಕು ಅಂದರೆ ಜೋರಾಗಿ ಓಡುವುದು ಅಂತ ತುಂಬಾ ಜನ ತಿಳಿದಿದ್ದಾರೆ. ನಿಜವಾಗಿ ಅದರಲ್ಲಿ ಅರ್ಧ ಬ್ರೇಕ್ ಹಾಕುವ ಕೆಲಸ. ಬರುತ್ತಿರುವ ಮೈಯನ್ನು ಗಕ್ಕನೆ ನಿಲ್ಲಿಸಿದರೆ ತಾನೇ ಬೇರೆ ಕಡೆ ತಿರುಗಿಸಲು ಆಗುವುದು? ಅದಕ್ಕೆ ಸೊಂಟ ಕೆಳಗಿರಬೇಕು, ಹೆಜ್ಜೆ ಚಿಕ್ಕದಿರಬೇಕು. ದೂರ ಓಡುವವರಿಗೆ ನೆಟ್ಟಗೆ ನಿಂತು, ಒಂದೇ ಲಯದಲ್ಲಿ, ಒಂದೇ ಅಳತೆಯ ಹೆಜ್ಜೆ ಹಾಕುವ ಅಭ್ಯಾಸವಾಗಿರುತ್ತದೆ. ನಿಮ್ಮ ಮಗನ ತೊಡಕು ಇಲ್ಲೇ ಇರಬಹುದು ಅಂತ ನನ್ನ ಅಂದಾಜು.

ಇನ್ನರ್ಧ, ಯಾವಾಗ ತಿರುಗಬೇಕು ಅಂತ ಗೊತ್ತಾಗುವುದು. ಸಂಜೆ 6 ಗಂಟೆಗೆ ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ಎದುರಿನಿಂದ ಬರುವ ಜನರ ಮಧ್ಯೆ ಯಾರಿಗೂ ತಾಗದೆ ನುಸುಳಿ, ಫಾಸ್ಟ್ ಲೋಕಲ್ ಹಿಡಿಯುವವರನ್ನು ನೋಡಿದ್ದೀರಲ್ವಾ? ಅವರು ಎದುರಿನವರ ಕಾಲು ನೋಡುವುದಿಲ್ಲ. ಭುಜ ಎತ್ತ ವಾಲಿತು ಅಂತ ನೋಡಿ, ಮೊದಲೇ ಈಚೆ ಸರಿದಿರುತ್ತಾರೆ. ಒಳ್ಳೆಯ ರೇಡರ್ ಮಾಡುವುದೂ ಅದನ್ನೇ.

ರಿಯಾಕ್ಷನ್ ಟೈಮ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮನೆಯಲ್ಲೇ ನೋಡಬಹುದು. ಮಗ ಹೆಬ್ಬೆರಳು, ತೋರುಬೆರಳನ್ನು ಸ್ವಲ್ಪ ಬಿಡಿಸಿ ಹಿಡಿಯಲಿ. 30 ಸೆಂಟಿಮೀಟರಿನ ಸ್ಕೇಲನ್ನು ನೀವು ಮೇಲಿಂದ ನೇತು ಹಿಡಿಯಿರಿ. ಸೊನ್ನೆ ಅವನ ಬೆರಳ ನಡುವೆ ಇರಲಿ. ಹೇಳದೆ ಕೇಳದೆ ಬಿಟ್ಟುಬಿಡಿ. 20 ಸೆಂಟಿಮೀಟರ್ ಹತ್ತಿರ ಹಿಡಿದರೆ ಸುಮಾರು 0.2 ಸೆಕೆಂಡ್, 15ರ ಹತ್ತಿರ ಹಿಡಿದರೆ ಸುಮಾರು 0.175 ಸೆಕೆಂಡ್. ಗುರುತ್ವದ ಲೆಕ್ಕ, ಹತ್ತನೇ ಕ್ಲಾಸಿನವನಿಗೆ ತಾನೇ ಹಾಕಲು ಬರುತ್ತದೆ. ನಾಲ್ಕೈದು ಸಲ ಮಾಡಿ ಸರಾಸರಿ ತೆಗೆಯಿರಿ. ನಿಮ್ಮ ಮುಖ ನೋಡಿ ಊಹಿಸಿದರೆ ಅದು ಲೆಕ್ಕಕ್ಕಿಲ್ಲ.

ಆದರೆ ಈ ಅಂಕಿ ಹಿಡಿದುಕೊಂಡು ಅವನಿಗೆ ಬೈಯಬೇಡಿ. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗ, ಪಿಸ್ತೂಲಿನ ಸದ್ದಿಗೆ ಮೈ ಅಲುಗಿದ್ದು 0.146 ಸೆಕೆಂಡಿಗೆ. ಉಳಿದವರಿಗೂ ಅವರಿಗೂ ಇದರಲ್ಲಿ ಆಕಾಶ-ಭೂಮಿ ಅಂತರವೇನಿಲ್ಲ. 0.1 ಸೆಕೆಂಡಿಗಿಂತ ಮೊದಲೇ ಹೊರಟರೆ ಫಾಲ್ಸ್ ಸ್ಟಾರ್ಟ್ ಅಂತಲೇ ನಿಯಮವಿದೆ. ಬರೀ ಪ್ರತಿಕ್ರಿಯೆಯ ಹೊತ್ತು ಅಭ್ಯಾಸದಿಂದ ಹೆಚ್ಚೇನೂ ಇಳಿಯುವುದಿಲ್ಲ. ಇಳಿಯುವುದು ಗುರುತಿಸುವ ಹೊತ್ತು. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬ್ಯಾಟರ್‌ಗೆ ತಲುಪಲು ಅರ್ಧ ಸೆಕೆಂಡೂ ಬೇಡ. ಪಳಗಿದವರು ಬೌಲರ್‌ನ ಓಟ, ತೋಳು, ಮಣಿಕಟ್ಟು ನೋಡಿಯೇ ಅರ್ಧ ತೀರ್ಮಾನ ಮಾಡಿರುತ್ತಾರೆ. ಹಾಗಾಗಿ ಮೊಬೈಲಿನಲ್ಲಿ ಬಣ್ಣ ಬದಲಾದರೆ ಒತ್ತುವ ಆಟ ಆಡಿಸಿದರೆ, ಆ ಆಟ ಚೆನ್ನಾಗಿ ಬರುತ್ತದೆ ಅಷ್ಟೇ. ಕಬಡ್ಡಿಗೆ ಎದುರಿಗೆ ಮನುಷ್ಯರೇ ಬೇಕು.

ಬ್ಯಾಲೆನ್ಸ್ ನೋಡಬೇಕಾದರೆ ಶಿವಾಜಿ ಪಾರ್ಕಿಗೆ ಹೋಗಿ ಮಲ್ಲಕಂಬ ಮಾಡುವ ಮಕ್ಕಳನ್ನು ನೋಡಿ ಬನ್ನಿ. ಪವರ್ ಅಂದರೆ ಬಲವನ್ನು ಬೇಗ ಹಾಕುವುದು. ನಿಂತಲ್ಲಿಂದ ಎಷ್ಟು ದೂರ ಹಾರುತ್ತಾನೆ ಅಂತ ಅಳೆದರೆ ಅಂದಾಜು ಸಿಗುತ್ತದೆ.

ಈಗ ಏನು ಮಾಡಿಸಬೇಕು? ಮೊದಲು ಒಂದು ವಿಷಯ ಗಮನಿಸಿ. ಇತ್ತೀಚೆಗೆ ಗಬಕ್ಕನೆ ಉದ್ದ ಆಗಿದ್ದಾನಾ? ಆ ವಯಸ್ಸಿನಲ್ಲಿ ಕೈಕಾಲು ಬೇಗ ಬೆಳೆದಾಗ ಅಳತೆ ತಪ್ಪಿ, ಸ್ವಲ್ಪ ಕಾಲ ತಡವರಿಸುವುದುಂಟು. ಅದು ಸರಿಹೋಗುತ್ತದೆ.

ಓಟ ಬಿಡಿಸಬೇಡಿ, ಕಡಿಮೆ ಮಾಡಿಸಿ. ವಾರಕ್ಕೆ ಮೂರು ದಿನ ಸಾಕು. ಪಂದ್ಯದ ಕೊನೇ ನಿಮಿಷಗಳಲ್ಲಿ ಆ ದಮ್ಮು ಕೈ ಹಿಡಿಯುತ್ತದೆ. ಸುಸ್ತಾದವನ ಕಣ್ಣು, ಕಾಲು ಎರಡೂ ನಿಧಾನ. ಉಳಿದ ದಿನ ಬಿಲ್ಡಿಂಗಿನ ಗೆಳೆಯನೊಬ್ಬನನ್ನು ಕರೆದು ನೆರಳಾಟ ಆಡಿಸಿ. ಮೂರು ಮೀಟರ್ ಅಂತರದಲ್ಲಿ ಚಾಕಿನಿಂದ ಎರಡು ಗೆರೆ ಎಳೆಯಿರಿ. ಇಬ್ಬರೂ ಎದುರುಬದುರು ನಿಲ್ಲಲಿ. ಒಬ್ಬ ಗೆರೆಗಳ ನಡುವೆ ಬೇಕಾದ ಹಾಗೆ ಓಡಾಡುತ್ತಾನೆ, ಇನ್ನೊಬ್ಬ ಅವನ ನೆರಳಿನ ಹಾಗೆ ಹಿಂಬಾಲಿಸುತ್ತಾನೆ. ಎಂಟು-ಹತ್ತು ಸೆಕೆಂಡ್ ಆಡಿ, ಒಂದು ನಿಮಿಷ ಪೂರ್ತಿ ಸುಧಾರಿಸಿಕೊಳ್ಳಲಿ. ಆರೇಳು ಸಲ ಸಾಕು. ಆಮೇಲೆ ಒಬ್ಬರ ಮಂಡಿ ಒಬ್ಬರು ಮುಟ್ಟುವ ಆಟ. ತನ್ನದನ್ನು ಕಾಯಬೇಕು, ಎದುರಿನವನದ್ದನ್ನು ಮುಟ್ಟಬೇಕು. ಸುಮ್ನೆ ಮಕ್ಕಳಾಟದ ಹಾಗೆ ಕಂಡರೂ ಟಚ್ ಪಾಯಿಂಟಿಗೆ, ಅಂದರೆ ರೇಡಿನಲ್ಲಿ ಎದುರಾಳಿಯನ್ನು ಮುಟ್ಟಿ ಗಳಿಸುವ ಅಂಕಕ್ಕೆ, ಇದಕ್ಕಿಂತ ಒಳ್ಳೆಯ ತಾಲೀಮು ನನಗೆ ಗೊತ್ತಿಲ್ಲ.

ಇದನ್ನೆಲ್ಲ ಮೈ ಬಿಸಿಯಾದ ಕೂಡಲೇ, ಓಟಕ್ಕೆ ಮೊದಲೇ ಮಾಡಲಿ. 5 ಕಿಲೋಮೀಟರ್ ಓಡಿ ಬಂದ ಮೇಲೆ ಮಾಡಿದರೆ, ದಣಿದ ಕಾಲಿನ ತಪ್ಪು ಹೆಜ್ಜೆಯೇ ಅಭ್ಯಾಸವಾಗುತ್ತದೆ. ಇನ್ನು ಆನ್‌ಲೈನಿನಲ್ಲಿ ಸಿಗುವ, ನೆಲಕ್ಕೆ ಹಾಸಿ ಪಟ್ಟಿಗಳ ನಡುವೆ ಹೆಜ್ಜೆ ಹಾಕುವ ಆ ಹಳದಿ ಪಟ್ಟಿಯ ಏಣಿ. ತರಿಸಿದರೆ ತಪ್ಪಿಲ್ಲ, ಹೆಜ್ಜೆ ಹಗುರಾಗುತ್ತದೆ. ಆದರೆ ಏಣಿ ಯಾರನ್ನೂ ಹಿಡಿಯಲು ಬರುವುದಿಲ್ಲ.

ಜಿಮ್ ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಲಿಸಲು ಬಲ್ಲವರು ಪಕ್ಕದಲ್ಲಿದ್ದರೆ ಆ ವಯಸ್ಸಿಗೆ ತೂಕ ಎತ್ತುವುದರಿಂದ ಕೆಡುಕೇನಿಲ್ಲ, ಆದರೆ ನಿಮ್ಮ ಮಗನಿಗೆ ಬಲದ ಕೊರತೆ ಕಾಣುತ್ತಿಲ್ಲ. ಬಸ್ಕಿ ಹೊಡೆಯುವಾಗ ಕೆಳಗೆ ನಿಧಾನ ಇಳಿಯಲಿ, ಬ್ರೇಕಿನ ಬಲ ಅಲ್ಲೇ ಬರುತ್ತದೆ. ಹಾರಿದಾಗ ಸದ್ದಾಗದಂತೆ, ಮಂಡಿ ಬಾಗಿಸಿ ಇಳಿಯಲಿ. ಮಂಡಿಚಿಪ್ಪಿನ ಕೆಳಗೆ ನೋವು ಅಂದರೆ ಹಾರುವುದನ್ನು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮತ್ತೆ, ಮಳೆಗಾಲದಲ್ಲಿ ಸೊಸೈಟಿ ಕಂಪೌಂಡಿನ ಒದ್ದೆ ಟೈಲ್ಸ್ ಮೇಲೆ ಇದ್ಯಾವುದೂ ಬೇಡ. ಒಣ ಪಾರ್ಕಿಂಗ್ ಜಾಗ ಸಿಗುತ್ತದಾ ಅಂತ ಸೆಕ್ರೆಟರಿಯನ್ನು ಒಂದು ಮಾತು ಕೇಳಿ ನೋಡಿ.