ನೈಟ್ರೊ ಕಾರು ಎಂದರೇನು? ಮೊದಲ ಕಾರು ಕೊಳ್ಳುವವರಿಗೆ ಪದ ಪರಿಚಯ

ರೇಡಿಯೊ ನಿಯಂತ್ರಿತ (ಆರ್‌ಸಿ) ಆಟದ ಕಾರುಗಳ ವಿಷಯದಲ್ಲಿ ‘ನೈಟ್ರೊ’ ಎಂದರೆ ಮೊದಲಿಗೆ ಒಂದು ಇಂಧನ. ಆ ಇಂಧನದಿಂದ ಓಡುವ ಪುಟ್ಟ ಟೂ-ಸ್ಟ್ರೋಕ್ ಎಂಜಿನ್ನಿಗೂ, ಆ ಎಂಜಿನ್ ಕೂರಿಸಿದ ಕಾರಿಗೂ ಅದೇ ಹೆಸರು ಅಂಟಿಕೊಂಡಿದೆ. ಬೆಳಗಾವಿಯಂಥ ಊರಿನಲ್ಲಿ ಇದನ್ನು ವಿವರಿಸುವುದು ನನಗೆ ಸಂತೋಷದ ಕೆಲಸ. ಇಲ್ಲಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಫೌಂಡ್ರಿಗಳನ್ನೂ ಲೇತ್‌ಗಳನ್ನೂ ನೋಡುತ್ತ ಬೆಳೆದವರಿಗೆ ಎರಕ, ಬೋರ್, ಕ್ರೋಮ್ ಲೇಪನ ಎಂಬ ಮಾತುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ‘ಮೊದಲ ನೈಟ್ರೊ ಕಾರು ಯಾವುದನ್ನು ಕೊಳ್ಳಲಿ?’ ಎಂದು ಕೇಳುತ್ತಾರೆ. ಯಾವ ಕಾರು ಎನ್ನುವ ಮೊದಲು ಇಂಧನ ಎಲ್ಲಿಂದ ಬರುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಳ್ಳಬೇಕು ಎಂಬುದು ನನ್ನ ಉತ್ತರ. ಅದು ಏಕೆಂದು ತಿಳಿಯಲು ಈ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು.

ಎರಡು ತಪ್ಪು ತಿಳಿವಳಿಕೆಗಳನ್ನು ಮೊದಲೇ ಬದಿಗಿಡೋಣ. ಸಿನಿಮಾಗಳಲ್ಲಿ ಗುಂಡಿ ಒತ್ತಿದೊಡನೆ ಕಾರನ್ನು ಚಿಮ್ಮಿಸುವ ಅನಿಲ ನೈಟ್ರಸ್ ಆಕ್ಸೈಡ್. ನಾವು ಮಾತನಾಡುತ್ತಿರುವುದು ನೈಟ್ರೊಮೀಥೇನ್ ಎಂಬ ದ್ರವದ ಬಗ್ಗೆ. ಎರಡಕ್ಕೂ ಸಂಬಂಧವಿಲ್ಲ. ಹಾಗೆಯೇ ನೈಟ್ರೊ ಕಾರಿಗೆ ಪೆಟ್ರೋಲ್ ಹಾಕುವಂತಿಲ್ಲ. ಪೆಟ್ರೋಲಿನಿಂದ ಓಡುವ ಆರ್‌ಸಿ ಕಾರುಗಳು ಬೇರೆಯೇ ಇವೆ. ಅವು ಹೆಚ್ಚಾಗಿ 1:5 ಅಳತೆಯ, ಅಂದರೆ ನಿಜವಾದ ಕಾರಿನ ಐದನೇ ಒಂದರಷ್ಟು ಉದ್ದದ, ದೊಡ್ಡ ಬಂಡಿಗಳು. ಅವುಗಳಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇರುತ್ತದೆ. ನೈಟ್ರೊ ಎಂಜಿನ್ನಿನಲ್ಲಿ ಕಿಡಿ ಎಂಬುದೇ ಇಲ್ಲ.

ಬಾಟಲಿಯ ಮೇಲೆ ‘20%’ ಎಂದು ಬರೆದಿದ್ದರೆ ಅದರಲ್ಲಿ ನೈಟ್ರೊಮೀಥೇನ್ ಶೇ 20ರಷ್ಟಿದೆ ಎಂದರ್ಥ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಮೆಥನಾಲ್. ಅದರ ಜೊತೆಗೆ ಹರಳೆಣ್ಣೆ ಅಥವಾ ಕೃತಕ ಎಣ್ಣೆ ಬೆರೆತಿರುತ್ತದೆ. ಈ ಎಂಜಿನ್ನಿಗೆ ಬೇರೆ ಎಣ್ಣೆ ಹಾಕುವ ಜಾಗವೇ ಇಲ್ಲ, ಒಳಗಿನ ಪ್ರತಿಯೊಂದು ಲೋಹದ ಉಜ್ಜುವಿಕೆಯನ್ನು ತಡೆಯುವುದು ಇಂಧನದೊಂದಿಗೆ ಬರುವ ಈ ಎಣ್ಣೆಯೇ. ಇನ್ನು ನೈಟ್ರೊಮೀಥೇನಿನ ಶಕ್ತಿಯ ಗುಟ್ಟು: ಅದರ ಅಣುವಿನಲ್ಲೇ ಆಮ್ಲಜನಕವಿದೆ. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಮೆಥನಾಲಿಗೆ ಸುಮಾರು 6.5 ಕಿಲೋ ಸಾಕು, ನೈಟ್ರೊಮೀಥೇನಿಗೆ ಬರೀ 1.7 ಕಿಲೋ. ಎಂಜಿನ್ ಒಂದು ಸುತ್ತಿಗೆ ಎಳೆದುಕೊಳ್ಳುವ ಗಾಳಿ ಅಷ್ಟೇ ಇದ್ದರೂ ಅದರೊಂದಿಗೆ ಹಲವು ಪಟ್ಟು ಇಂಧನವನ್ನು ಉರಿಸಬಹುದು. ಮೂರೂವರೆ ಸಿಸಿಯ ಎಂಜಿನ್ ನಿಮಿಷಕ್ಕೆ 30,000 ಸುತ್ತು ದಾಟಿ, ಮೂರು ಕಿಲೋ ಮೀರಿದ ಕಾರನ್ನು ಗಂಟೆಗೆ 60 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡಿಸುವುದು ಇದರಿಂದಲೇ.

ಕಿಡಿಯಿಲ್ಲದೆ ಉರಿ ಹೊತ್ತಿಸುವುದು ಗ್ಲೋ ಪ್ಲಗ್. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ತುದಿಯಲ್ಲಿ ಕೂದಲಿನಷ್ಟು ತೆಳುವಾದ ತಂತಿಯ ಸುರುಳಿ ಕಾಣುತ್ತದೆ. ಅದರಲ್ಲಿ ಪ್ಲಾಟಿನಂ ಇದೆ. ಎಂಜಿನ್ ಶುರು ಮಾಡುವಾಗ ಮಾತ್ರ ಒಂದೂವರೆ ವೋಲ್ಟಿನ ಇಗ್ನೈಟರ್‌ ಅನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ ಸುರುಳಿಯನ್ನು ಕೆಂಪಗೆ ಕಾಯಿಸುತ್ತೇವೆ. ಎಂಜಿನ್ ಹಿಡಿದ ಮೇಲೆ ಇಗ್ನೈಟರ್ ತೆಗೆದರೂ ಸುರುಳಿ ಆರುವುದಿಲ್ಲ. ಮೆಥನಾಲ್ ಆವಿಗೂ ಪ್ಲಾಟಿನಮ್ಮಿಗೂ ನಡೆಯುವ ವೇಗವರ್ಧಕ ಕ್ರಿಯೆ ಮತ್ತು ಹಿಂದಿನ ಸುತ್ತಿನ ಉರಿಯ ಶಾಖ ಎರಡೂ ಸೇರಿ ಅದನ್ನು ಕಾಯಿಸುತ್ತಲೇ ಇರುತ್ತವೆ. ಪೆಟ್ರೋಲ್ ಏಕೆ ಆಗದು ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ. ಗ್ಲೋ ಪ್ಲಗ್ ಸವೆದು ಸುಟ್ಟುಹೋಗುವ ವಸ್ತು, ಆಗಾಗ ಬದಲಿಸಬೇಕು. ಸ್ಟ್ಯಾಂಡರ್ಡ್ ಮತ್ತು ಟರ್ಬೊ ಎಂದು ಎರಡು ಬಗೆಗಳಿವೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಉದ್ಯಮಬಾಗದ ಎಷ್ಟೇ ನುರಿತ ಕುಶಲಕರ್ಮಿಯಾದರೂ ಇದನ್ನು ಮಾಡಿಕೊಡಲಾರರು, ಅಂಗಡಿಯಿಂದ ತರಲೇಬೇಕು.

ಆದರೆ ಆ ಕುಶಲಕರ್ಮಿ ಮನಸಾರೆ ಮೆಚ್ಚುವ ಭಾಗ ಇನ್ನೊಂದಿದೆ, ಅದು ಪಿಸ್ಟನ್ ಮತ್ತು ಅದು ಒಳಗೆ ಮೇಲೆ ಕೆಳಗೆ ಓಡಾಡುವ ಕೊಳವೆಯಾದ ಸ್ಲೀವ್. ಬಹುಪಾಲು ನೈಟ್ರೊ ಎಂಜಿನ್‌ಗಳಲ್ಲಿ ಪಿಸ್ಟನ್ನಿಗೆ ರಿಂಗ್ ಇರುವುದಿಲ್ಲ. ಅಲ್ಯುಮಿನಿಯಂ ಪಿಸ್ಟನ್, ಹಿತ್ತಾಳೆಯ (ಬ್ರಾಸ್) ಸ್ಲೀವ್, ಅದರ ಒಳಮೈಗೆ ಕ್ರೋಮ್ ಲೇಪ: ಈ ಜೋಡಿಯನ್ನು ಎಬಿಸಿ ಎನ್ನುತ್ತಾರೆ. ಸ್ಲೀವಿನ ಮೇಲ್ತುದಿಯನ್ನು ಕೂದಲೆಳೆಯಷ್ಟು ಕಿರಿದಾಗಿ ಕೊರೆದಿರುತ್ತಾರೆ. ತಣ್ಣಗಿರುವಾಗ ಪಿಸ್ಟನ್ ಮೇಲಕ್ಕೆ ಬಂದು ಅಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಈ ಬಿಗಿತಕ್ಕೆ ‘ಪಿಂಚ್’ ಎಂದು ಹೆಸರು. ಎಂಜಿನ್ ಬಿಸಿಯಾದಾಗ ಹಿತ್ತಾಳೆ ಪಿಸ್ಟನ್ನಿಗಿಂತ ಹೆಚ್ಚು ಹಿಗ್ಗಿ ಎರಡರ ನಡುವೆ ಎಣ್ಣೆ ಹರಿಯಲು ಬೇಕಾದಷ್ಟೇ ಜಾಗ ಮಾಡಿಕೊಡುತ್ತದೆ. ಹೀಗಾಗಿ ಹೊಸ ಎಂಜಿನ್ನಿನಲ್ಲಿ ಮೊದಲ ನಾಲ್ಕೈದು ಟ್ಯಾಂಕ್ ಇಂಧನವನ್ನು ತಾಳ್ಮೆಯಿಂದ, ಇಂಧನ ಹೆಚ್ಚು ಹರಿಯುವಂತೆ ಕಾರ್ಬ್ಯುರೇಟರಿನ ಸೂಜಿ (ಇಂಧನದ ಹರಿವನ್ನು ಹೆಚ್ಚು ಕಡಿಮೆ ಮಾಡುವ ತಿರುಪು) ತಿರುಗಿಸಿ ಓಡಿಸಬೇಕು. ಇದೇ ಬ್ರೇಕ್-ಇನ್. ಶುರು ಮಾಡುವ ಮುನ್ನ ಹೇರ್ ಡ್ರೈಯರ್‌ನಿಂದ ಎಂಜಿನ್ನಿನ ತಲೆಯನ್ನು ಬೆಚ್ಚಗೆ ಮಾಡಿಕೊಂಡರೆ ಬಿಗಿ ಸ್ಲೀವಿನಲ್ಲಿ ಸಿಕ್ಕ ಪಿಸ್ಟನ್ ಸುಲಭವಾಗಿ ತಿರುಗುತ್ತದೆ. ನಿಲ್ಲಿಸಿದ ಮೇಲೆ ಎಂಜಿನ್ನಿನ ಶಾಫ್ಟಿಗೆ ಕೂರಿಸಿದ ಭಾರದ ಚಕ್ರವಾದ ಫ್ಲೈವೀಲನ್ನು ಕೈಯಿಂದ ತಿರುಗಿಸಿ ಪಿಸ್ಟನ್ನನ್ನು ಕೆಳಕ್ಕೆ ತಂದು ತಣಿಯಲು ಬಿಡಬೇಕು. ಮೇಲೆಯೇ ಬಿಟ್ಟರೆ ಹಿಗ್ಗಿದ ಹಿತ್ತಾಳೆ ಕುಗ್ಗುತ್ತ ಅದನ್ನು ಹಿಡಿದುಬಿಡುತ್ತದೆ.

ಹಳೆಯ ಕಾರು ಕೊಳ್ಳುವವರಿಗೂ ಈ ಪಿಂಚ್ ಒಳ್ಳೆಯ ಪರೀಕ್ಷೆ. ಪ್ಲಗ್ ಹಾಕಿದ್ದಂತೆಯೇ ತಣ್ಣನೆಯ ಎಂಜಿನ್ನಿನ ಫ್ಲೈವೀಲನ್ನು ಹೆಬ್ಬೆರಳಿನಿಂದ ನಿಧಾನವಾಗಿ ತಿರುಗಿಸಿ. ಮೇಲ್ತುದಿಯಲ್ಲಿ ಬೆರಳಿಗೆ ಸ್ಪಷ್ಟ ತಡೆ ಸಿಗಬೇಕು. ಎಲ್ಲೂ ತಡೆಯಿಲ್ಲದೆ ಸಲೀಸಾಗಿ ತಿರುಗಿದರೆ ಸ್ಲೀವ್ ಸವೆದಿದೆ. ಹೊರಗಿನ ಬಣ್ಣ ಎಷ್ಟೇ ಮಿನುಗುತ್ತಿರಲಿ, ಆ ಕಾರನ್ನು ಬಿಟ್ಟುಬಿಡಿ. ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರಿನ ಬಾಯಿಯನ್ನೂ ಬೆರಳಿನಿಂದ ಸವರಿ ನೋಡಿ. ಮಣ್ಣಿನ ಪುಡಿ ಅಂಟಿದರೆ ಅದು ಒಳಗೂ ಹೋಗಿದೆ ಎಂದೇ ತಿಳಿಯಬೇಕು.

ಈಗ ಆಯ್ಕೆಗೆ ಬರೋಣ. ಸಾಮಾನ್ಯ 1:8 ಬಗ್ಗಿಯ, ಅಂದರೆ ಮಣ್ಣುನೆಲದಲ್ಲಿ ಓಡುವ ತಗ್ಗಾದ ಕಾರಿನ, ಟ್ಯಾಂಕ್ 125 ಸಿಸಿ. ಒಂದು ಟ್ಯಾಂಕ್ ಎಂಟು ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಅಂದರೆ ಒಂದು ಲೀಟರ್ ಎಂದರೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನ ಆಟ. ಈ ಇಂಧನ ಬಂಕಿನಲ್ಲಿ ಸಿಗುವುದಿಲ್ಲ. ಅಪಾಯಕಾರಿ ಸರಕಾದ್ದರಿಂದ ವಿಮಾನದ ಪಾರ್ಸೆಲ್‌ನಲ್ಲಿಯೂ ಸಾಧಾರಣವಾಗಿ ಕಳಿಸಲಾಗದು, ರಸ್ತೆ ಮೂಲಕವೇ ಬರಬೇಕು. ಅಂಗಡಿಯಲ್ಲಿ ಮಾದರಿ ವಿಮಾನಗಳ ಇಂಧನ ಸಿಕ್ಕರೆ ಆಸೆಪಡಬೇಡಿ. ಅದರಲ್ಲಿ ನೈಟ್ರೊ ಕಡಿಮೆ, ಎಣ್ಣೆ ಹೆಚ್ಚು, ಕಾರಿಗೆ ಅದು ಹೊಂದುವುದಿಲ್ಲ. ಕಾರಿನ ಇಂಧನ ನಿಮ್ಮ ಊರಿಗೆ ನಿಯಮಿತವಾಗಿ ತಲುಪುವ ದಾರಿ ಖಾತ್ರಿಯಾದ ಮೇಲೆಯೇ ಕಾರಿನ ಮಾತು. ದಾರಿ ಕಾಣದಿದ್ದರೆ ವಿದ್ಯುತ್ ಕಾರು ಕೊಳ್ಳುವುದರಲ್ಲಿ ಯಾವ ಕೊರತೆಯೂ ಇಲ್ಲ. ವೇಗ ಮಾತ್ರ ಬೇಕಾದವರಿಗೆ ಇಂದು ಅದೇ ಸುಲಭ, ಅಗ್ಗ. ಎಂಜಿನ್ ಎಂಬ ವಸ್ತುವೇ ಇಷ್ಟವಾದವರು, ಅದರ ಸದ್ದು, ಹೊಗೆ, ಸೂಜಿ ತಿರುಗಿಸುವ ಬಿಡುವಿಲ್ಲದ ಕೆಲಸ ಬೇಕೆನ್ನುವವರು ನೈಟ್ರೊ ಕೊಳ್ಳಬೇಕು.

ಎಂಜಿನ್ನಿನ ಅಳತೆ ಘನ ಅಂಗುಲದಲ್ಲಿ ಬರೆದಿರುತ್ತದೆ: .12 ಎಂದರೆ ಸುಮಾರು 2 ಸಿಸಿ, .15 ಎಂದರೆ 2.5, .18 ಎಂದರೆ 3, .21 ಎಂದರೆ 3.5. ಹೊಸಬರಿಗೆ ನನ್ನ ಸಲಹೆ ಎರಡೇ. 1:10 ಅಳತೆಯ ಆಫ್-ರೋಡ್ ಟ್ರಕ್ ಅಥವಾ 1:8 ಬಗ್ಗಿ. ಆನ್-ರೋಡ್ ಕಾರು ಚೆಂದ, ಆದರೆ ಅದರ ತಳಕ್ಕೂ ನೆಲಕ್ಕೂ ನಡುವೆ ಕೆಲವೇ ಮಿಲಿಮೀಟರ್ ಅಂತರ. ಅಂಥ ನುಣುಪು ಡಾಂಬರಿನ ಖಾಲಿ ಜಾಗ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ದೊಡ್ಡ ಚಕ್ರಗಳ ಮಾನ್‌ಸ್ಟರ್ ಟ್ರಕ್‌ಗಳ ಆಕರ್ಷಣೆ ನನಗೆ ಅರ್ಥವಾಗುತ್ತದೆ. 1999ರಲ್ಲಿ ಬಂದ ಟ್ರ್ಯಾಕ್ಸಸ್ ಟಿ-ಮ್ಯಾಕ್ಸ್ ನೋಡಿದವರಿಗೆ ಅದೇ ಬೇಕೆನಿಸುವುದು ಸಹಜ. ಆದರೆ ಎರಡು ಗೇರು, ರಿವರ್ಸ್ ಎಂದು ಯಂತ್ರ ಜಟಿಲವಾದಷ್ಟೂ ಕಲಿಯುವವರ ಸಮಯ ರಿಪೇರಿಗೇ ಹೋಗುತ್ತದೆ. ಒಂದೇ ಗೇರಿನ ಸರಳ ಬಗ್ಗಿ ಎಲ್ಲವನ್ನೂ ಕಲಿಸುತ್ತದೆ. ಜಪಾನಿನ ಕ್ಯೋಶೊದ ಇನ್ಫರ್ನೊ ಈ ಬಗೆಯಲ್ಲಿ ಹೆಸರಾದ ಸರಣಿ. ಎಂಜಿನ್‌ಗಳಲ್ಲಿ ಒಸಾಕಾದಲ್ಲಿ 1936ರಲ್ಲಿ ಶುರುವಾದ ಓಎಸ್ ಹಿರಿಯ ಹೆಸರು. ಪೆಟ್ಟಿಗೆಯ ಮೇಲೆ ಆರ್‌ಟಿಆರ್ ಎಂದಿದ್ದರೆ ಜೋಡಿಸಿದ, ಓಡಿಸಲು ಸಿದ್ಧವಾದ ಕಾರು. ಹೊಸಬರಿಗೆ ಅದೇ ಸರಿ. ಹಾಗೆಂದರೂ ಇಂಧನ, ಇಗ್ನೈಟರ್, ಇಂಧನ ತುಂಬುವ ಬಾಟಲಿ, ಬ್ಯಾಟರಿಗಳು, ಫಿಲ್ಟರ್ ಎಣ್ಣೆ ಬೇರೆಯಾಗಿ ಕೊಳ್ಳಬೇಕಾಗುತ್ತದೆ; ಕಾರಿನ ಬೆಲೆಯ ಮೇಲೆ ಅದಕ್ಕೂ ಹಣ ತೆಗೆದಿಡಿ.

ಬಿಡಿಭಾಗಗಳ ವಿಷಯದಲ್ಲಿ ಬೆಳಗಾವಿಗೆ ಒಂದು ಅನುಕೂಲವಿದೆ. ಚಕ್ರಗಳ ಬೇರಿಂಗುಗಳು ಹೆಚ್ಚಿನ ಕಾರುಗಳಲ್ಲಿ ಸಾಮಾನ್ಯ ಮೆಟ್ರಿಕ್ ಅಳತೆಯವು, 5x10x4 ಅಥವಾ 8x16x5 ಮಿಲಿಮೀಟರ್ ಎಂದು ಹೇಳಿದರೆ ಬೇರಿಂಗ್ ಅಂಗಡಿಯವರಿಗೆ ತಕ್ಷಣ ತಿಳಿಯುತ್ತದೆ. ಸವೆದ ಬುಶ್, ಬಾಗಿದ ಶಾಫ್ಟ್ ಲೇತಿನಲ್ಲಿ ಸರಿಯಾಗುತ್ತವೆ. ಮುರಿದ ಸಸ್ಪೆನ್ಶನ್ ಆರ್ಮ್, ಸ್ಪರ್ ಗೇರು, ಕ್ಲಚ್ ಶೂಗಳು ಮಾತ್ರ ಕಂಪನಿಯವೇ ಬೇಕು. ಈ ಮೂರರ ಬಿಡಿಭಾಗ ಭಾರತದಲ್ಲಿ ಸಿಗುವುದೇ ಎಂದು ಮೊದಲೇ ವಿಚಾರಿಸಿ. ಕಾರು ಅಗ್ಗಕ್ಕೆ ಸಿಕ್ಕು, ನೂರು ರೂಪಾಯಿಯ ಒಂದು ಗೇರಿಗಾಗಿ ತಿಂಗಳುಗಟ್ಟಲೆ ಕಾಯುವುದು ಈ ಹವ್ಯಾಸವನ್ನೇ ಕೊಲ್ಲುತ್ತದೆ.

ಟ್ಯೂನಿಂಗ್ ಎಂದರೆ ಕಾರ್ಬ್ಯುರೇಟರಿನ ಸೂಜಿಗಳನ್ನು ತಿರುಗಿಸಿ ಗಾಳಿಗೂ ಇಂಧನಕ್ಕೂ ಹೊಂದಾಣಿಕೆ ಮಾಡುವುದು. ಇಂಧನ ಹೆಚ್ಚಾದರೆ ‘ರಿಚ್’, ಕಡಿಮೆಯಾದರೆ ‘ಲೀನ್’. ಲೀನ್ ಆದರೆ ಎಣ್ಣೆಯೂ ಕಡಿಮೆಯಾಗುತ್ತದೆ, ಎಂಜಿನ್ ಸಾಯುವುದು ಹಾಗೆಯೇ. ಓಡುವಾಗ ಸೈಲೆನ್ಸರಿನಿಂದ ನಸುನೀಲಿ ಹೊಗೆಯ ಗೆರೆ ಸದಾ ಕಾಣುತ್ತಿರಲಿ. ಎಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಹಾಕಿದಾಗ ಮೂರ್ನಾಲ್ಕು ಸೆಕೆಂಡು ಕುದಿದು ಆರಿದರೆ ಸರಿ, ಬಿದ್ದೊಡನೆ ಚುರ್ರೆಂದು ಮಾಯವಾದರೆ ಕೂಡಲೇ ನಿಲ್ಲಿಸಿ ಸೂಜಿಯನ್ನು ಸಡಿಲಿಸಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಗಿಂತ ಶೇ 7ರಷ್ಟು ವಿರಳ. ಆದ್ದರಿಂದ ಗೋವಾದಲ್ಲಿ ಸರಿಯಿದ್ದ ಸೂಜಿ ಚೋರ್ಲಾ ಘಾಟಿ ಹತ್ತಿದ ಮೇಲೆ ಸ್ವಲ್ಪ ರಿಚ್ ಆಗುತ್ತದೆ. ವಿಜಯಪುರದ ಮೇ ತಿಂಗಳ ಬಿಸಿಲಿಗೆ, ಇಲ್ಲಿಯ ಡಿಸೆಂಬರ್ ಬೆಳಗಿನ ಚಳಿಗೆ ಒಂದೇ ಹೊಂದಾಣಿಕೆ ನಡೆಯುವುದಿಲ್ಲ. ಚಳಿಯಲ್ಲಿ ಗಾಳಿ ದಟ್ಟವಾಗಿ ಎಂಜಿನ್ ಲೀನ್ ಕಡೆಗೆ ವಾಲುವುದರಿಂದ, ಬೇಸಿಗೆಯಲ್ಲಿ ಸರಿಮಾಡಿದ ಸೂಜಿಯನ್ನು ಹಾಗೇ ಬಿಟ್ಟು ಚಳಿಗಾಲದಲ್ಲಿ ಓಡಿಸುವುದು ಅಪಾಯ. ಇನ್ನು ಧೂಳು. ಬಾಗಲಕೋಟೆ, ವಿಜಯಪುರಗಳ ಎರೆಮಣ್ಣು ಒಣಗಿದಾಗ ಏಳುವ ಪುಡಿಯಾಗಲಿ, ನಮ್ಮ ಕೆಂಪು ಧೂಳಾಗಲಿ ಸ್ಲೀವಿನ ಕ್ರೋಮನ್ನು ಮರಳು ಕಾಗದದಂತೆ ತಿನ್ನುತ್ತದೆ. ಫೋಮ್ ಫಿಲ್ಟರನ್ನು ಪ್ರತಿ ಆಟದ ನಂತರ ತೊಳೆದು, ಎಣ್ಣೆ ಸವರಿ ಹಾಕುವುದನ್ನು ಒಮ್ಮೆಯೂ ತಪ್ಪಿಸಬಾರದು.

ಸುರಕ್ಷತೆಯ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಮೆಥನಾಲ್ ವಿಷ. ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಚರ್ಮದ ಮೂಲಕವೂ ಅದು ದೇಹ ಸೇರುತ್ತದೆ. ಕುಡಿಯುವ ನೀರಿನ ಬಾಟಲಿಯಲ್ಲಿ ಇದನ್ನು ಎಂದಿಗೂ ತುಂಬಿಡಬೇಡಿ. ಮೆಥನಾಲ್ ಬೆಂಕಿಯ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಇಂಧನ ತುಂಬುವಾಗ ಬೀಡಿ, ಸಿಗರೇಟು ಹತ್ತಿರ ಸುಳಿಯಬಾರದು. ಮನೆಯಲ್ಲಿ ರಾಸಾಯನಿಕ ತಂದು ಬೆರೆಸುವ ಯೋಚನೆಯೂ ಬೇಡ. ಕಾರಿನೊಳಗಿನ ರಿಸೀವರಿನಲ್ಲಿ ಫೇಲ್-ಸೇಫ್ (ಸಿಗ್ನಲ್ ತಪ್ಪಿದಾಗ ತಾನಾಗಿ ಕೆಲಸ ಮಾಡುವ ರಕ್ಷಣೆ) ಇದೆಯೇ ನೋಡಿ, ಇದ್ದರೆ ಅದನ್ನು ಬ್ರೇಕಿಗೆ ಹೊಂದಿಸಿ. ಕಾರಿನ ಚಕ್ರಗಳನ್ನು ನೆಲದಿಂದ ಎತ್ತಿ ಹಿಡಿದು ಟ್ರಾನ್ಸ್‌ಮಿಟರ್ ಆರಿಸಿದಾಗ ಬ್ರೇಕ್ ಬೀಳಬೇಕು. ಸಿಗ್ನಲ್ ಕಳೆದುಕೊಂಡ ಬಗ್ಗಿ ಪೂರ್ಣ ವೇಗದಲ್ಲಿ ಮಗುವಿನ ಕಾಲಿಗೆ ಬಡಿದರೆ ಮೂಳೆ ಮುರಿಯುತ್ತದೆ. ಸದ್ದೂ ಜೋರು. ಆಸ್ಪತ್ರೆ, ಶಾಲೆ, ಮನೆಗಳಿಂದ ದೂರದ ಬಯಲಿನಲ್ಲಿ, ಜಾಗದ ಮಾಲೀಕರ ಒಪ್ಪಿಗೆ ಪಡೆದು ಓಡಿಸಿ.

ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಉಳಿದ ಇಂಧನ ಒಳಗೇ ನಿಂತರೆ ಬೇರಿಂಗುಗಳು ತುಕ್ಕು ಹಿಡಿಯುತ್ತವೆ. ಜೂನ್ ಬಂತೆಂದರೆ ಇಲ್ಲಿಯ ಗಾಳಿಯೇ ಒದ್ದೆ. ಆಟ ಮುಗಿದೊಡನೆ ಟ್ಯಾಂಕ್ ಖಾಲಿ ಮಾಡಿ, ಪೈಪಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡಿಸಿ, ಪ್ಲಗ್ಗಿನ ತೂತಿನಿಂದಲೂ ಕಾರ್ಬ್ಯುರೇಟರಿನಿಂದಲೂ ತುಕ್ಕು ತಡೆಯುವ ಆಫ್ಟರ್-ರನ್ ಎಣ್ಣೆಯ ಕೆಲವು ಹನಿ ಹಾಕಿ, ಫ್ಲೈವೀಲನ್ನು ಹತ್ತಾರು ಸುತ್ತು ತಿರುಗಿಸಿ. ಆಮೇಲೆ ಪಿಸ್ಟನ್ನನ್ನು ಕೆಳಕ್ಕೆ ತಂದು, ಇಂಧನದ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ, ಬಿಸಿಲು ಬೀಳದ, ಮಕ್ಕಳ ಕೈಗೆಟುಕದ ಜಾಗದಲ್ಲಿ ಇಡಿ.