ಏನೂ ಆಗದವರ ಸಾಕ್ಷಿ

"ನನಗೆ ಏನೂ ಆಗ್ಲಿಲ್ಲ ಮಾರಾಯ್ತಿ. ನನ್ನ ಹತ್ರ ಏನು ಕೇಳ್ಲಿಕ್ಕುಂಟು?"

ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದ ದೊಡ್ಡಮ್ಮ ತಲೆ ಎತ್ತದೆ ಹೇಳಿದರು. ಎದುರಿಗೆ ಕುಟುಂಬ ಆರೋಗ್ಯ ಕೇಂದ್ರದ ಜೆಎಚ್‌ಐ (ಕಿರಿಯ ಆರೋಗ್ಯ ನಿರೀಕ್ಷಕರು), ಪಕ್ಕದಲ್ಲಿ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ. ಅವರು ಮಲಯಾಳದಲ್ಲಿ ಕೇಳಿದ್ದನ್ನು ಇವಳು ಕನ್ನಡ ಮಾಡುತ್ತಿದ್ದಳು. ಮಳೆ ಹಿಡಿದು ಎರಡು ವಾರವಾಗಿತ್ತು. ಸುತ್ತಲಿನ ಮೂರ್ನಾಲ್ಕು ಮನೆಗಳಲ್ಲಿ ಕಾಮಾಲೆ. ನಮ್ಮಲ್ಲಿ ಮಲಗಿದ್ದವನು ದೊಡ್ಡಮ್ಮನ ಹತ್ತೊಂಬತ್ತು ವರ್ಷದ ಮೊಮ್ಮಗ. ಅವನನ್ನು ಆಗಲೇ ವಿಚಾರಿಸಿ ಮುಗಿದಿತ್ತು. ಈಗ ಅಜ್ಜಿಯ ಸರದಿ.

ಮಲಗಿದವನನ್ನು ಬಿಟ್ಟು ಗಟ್ಟಿಯಾಗಿ ಕೂತವರನ್ನು ಕೇಳುವುದು ನೋಡುವವರಿಗೆ ವಿಚಿತ್ರ. ಆದರೆ ಊಟದಿಂದಲೋ ನೀರಿನಿಂದಲೋ ಹಬ್ಬಿದ ಕಾಯಿಲೆಯ ಮೂಲ ಹುಡುಕುವ ವಿದ್ಯೆ ನಿಂತಿರುವುದೇ ಇದರ ಮೇಲೆ. 1854ರ ಲಂಡನ್ ಕಾಲರಾ, ಅದನ್ನು ಹಬ್ಬಿಸಿದ ಬ್ರಾಡ್ ಸ್ಟ್ರೀಟಿನ ನೀರಿನ ಪಂಪು, ವೈದ್ಯ ಜಾನ್ ಸ್ನೋ ಅದರ ಹಿಡಿಕೆ ತೆಗೆಸಿದ್ದು – ಈ ಕತೆ ಶಾಲೆಮಕ್ಕಳಿಗೂ ಗೊತ್ತು. ಅದರಲ್ಲಿ ನನಗೆ ಹಿಡಿಸಿದ್ದು ಹಿಡಿಕೆಯಲ್ಲ, ಅದೇ ಬೀದಿಯ ಬಿಯರ್ ಕಾರ್ಖಾನೆ. ಅಲ್ಲಿನ 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಕಾಲರಾದಿಂದ ಒಬ್ಬನೂ ಸಾಯಲಿಲ್ಲ. ಕುಡಿಯಲಿಕ್ಕೆ ಬಿಯರೇ ಸಿಗುತ್ತಿದ್ದುದರಿಂದ ಅವರು ಪಂಪಿನ ಕಡೆ ಹೋಗುತ್ತಲೇ ಇರಲಿಲ್ಲ.

ಲೆಕ್ಕ ನಮಗೆ ಹತ್ತಿರವಾಗಿ ಕಾಣುವುದು ಮದುವೆಯೂಟದಂಥ ಪ್ರಸಂಗಗಳಲ್ಲಿ. 1940ರ ಏಪ್ರಿಲ್ 18ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಓಸ್ವೀಗೋ ಕೌಂಟಿಯ ಒಂದು ಹಳ್ಳಿಯಲ್ಲಿ ಚರ್ಚಿನವರ ರಾತ್ರಿಯೂಟ ನಡೆಯಿತು. ಉಂಡವರು 80 ಮಂದಿ. ಅಧಿಕಾರಿಗಳ ಮಾತಿಗೆ ಸಿಕ್ಕಿದ್ದು 75 ಮಂದಿ, ಅವರಲ್ಲಿ ವಾಂತಿ-ಭೇದಿ ಆದವರು 46. ಬೇಯಿಸಿದ ಹಂದಿಮಾಂಸವನ್ನು ಕಾಯಿಲೆ ಬಿದ್ದವರಲ್ಲಿ 29 ಮಂದಿ ತಿಂದಿದ್ದರು. ಇಷ್ಟೇ ಕೇಳಿ ಎದ್ದರೆ ಮಾಂಸ ಬಡಿಸಿದವನ ಗತಿ ಮುಗಿಯಿತು. ಆದರೆ ಅದನ್ನು ಮುಟ್ಟದ 29 ಮಂದಿಯನ್ನೂ ಕೇಳಿದರು. ಅವರಲ್ಲೂ 17 ಮಂದಿ ಮಲಗಿದ್ದರು. ತಿಂದವರಲ್ಲಿ ನೂರಕ್ಕೆ 63, ತಿನ್ನದವರಲ್ಲಿ 59. ಅಲ್ಲಿಗೆ ಮಾಂಸ ನಿರ್ದೋಷಿ. ವೆನಿಲಾ ಐಸ್‌ಕ್ರೀಮಿನ ಲೆಕ್ಕವೇ ಬೇರೆ: ತಿಂದ 54 ಮಂದಿಯಲ್ಲಿ 43 ಮಂದಿಗೆ ಕಾಯಿಲೆ, ತಿನ್ನದ 21 ಮಂದಿಯಲ್ಲಿ ಮೂವರಿಗೆ ಮಾತ್ರ. ಉಳಿದ 18 ಮಂದಿ "ನಮಗೇನೂ ಆಗಲಿಲ್ಲ, ನಮ್ಮನ್ನು ಬಿಡಿ" ಅಂದಿದ್ದರೆ ಐಸ್‌ಕ್ರೀಮು ತಪ್ಪಿಸಿಕೊಳ್ಳುತ್ತಿತ್ತು.

ನಮ್ಮಲ್ಲಿ ಇಂಥದ್ದು ಆದರೆ ಮೊದಲ ಗುಮಾನಿ ಪಾಯಸದ ಮೇಲೆ. ಅಡುಗೆಯವರ ಉತ್ತರವೂ ಸಿದ್ಧ: "ಬಡಿಸುವ ಮೊದಲು ಇನ್ನೊಮ್ಮೆ ಕುದಿಸಿದ್ದೇವೆ." ಈ ಉತ್ತರ ಅರ್ಧ ಮಾತ್ರ ಸರಿ. ಓಸ್ವೀಗೋದಲ್ಲಿ ಸಿಕ್ಕಿದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ನಮ್ಮಲ್ಲಿ ಹಲವರ ಮೂಗಿನಲ್ಲಿ, ಕೈಯ ಗಾಯದಲ್ಲಿ ಇರುವಂಥದ್ದು. ಹಾಲಿನ ಪದಾರ್ಥ ಬೆಚ್ಚಗೆ ಕೆಲವು ಗಂಟೆ ಕೂತರೆ ಅದು ಬೆಳೆದು ವಿಷ ಬಿಡುತ್ತದೆ. ಕುದಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ.

ಯಾವ ಕಾಯಿಲೆ ಎಂಬುದನ್ನು ಲ್ಯಾಬಿಗಿಂತ ಮೊದಲು ಗಡಿಯಾರ ಹೇಳುತ್ತದೆ. ಉಂಡು ಎರಡು-ನಾಲ್ಕು ಗಂಟೆಯಲ್ಲಿ ವಾಂತಿ ಶುರುವಾದರೆ ಇಂಥ ವಿಷ. ಒಂದರಿಂದ ಮೂರು ದಿನ ಕಳೆದು ಜ್ವರ, ರಕ್ತ ಬೆರೆತ ಭೇದಿ ಬಂದರೆ ಶಿಗೆಲ್ಲಾದ ಕಡೆ ನೋಡಬೇಕು. 2022ರ ಮೇ ಆರಂಭದಲ್ಲಿ ನಮ್ಮದೇ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಹಲವರು ಆಸ್ಪತ್ರೆ ಸೇರಿ, ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳಲ್ಲ, ಆಗ ರೋಗಿಗಳಲ್ಲಿ ಸಿಕ್ಕಿದ್ದು ಅದೇ. ಹತ್ತರಿಂದ ನೂರು ಶಿಗೆಲ್ಲಾ ಹೊಟ್ಟೆಗೆ ಹೋದರೆ ಸಾಕು. ಸರಿಯಾಗಿ ತೊಳೆಯದ ಒಂದೇ ಕೈ ಅಷ್ಟನ್ನು ಹೊತ್ತು ತಂದೀತು.

ಹೆಪಟೈಟಿಸ್ ಎ ವೈರಸ್ಸಿನ ಕಾಮಾಲೆಗೆ ಗಡಿಯಾರ ಸಾಲದು, ಕ್ಯಾಲೆಂಡರ್ ಬೇಕು. ವೈರಸ್ ಒಳಹೊಕ್ಕು ಕಾಯಿಲೆ ಹೊರಬೀಳಲು 15ರಿಂದ 50 ದಿನ, ಸರಾಸರಿ 28. ನಿನ್ನೆಯ ಸಾಂಬಾರೇ ನೆನಪಿರದವರಿಗೆ ತಿಂಗಳ ಹಿಂದಿನ ಶರಬತ್ತು ಎಲ್ಲಿ ನೆನಪಿರುತ್ತದೆ? ಕಣ್ಣು ಹಳದಿಯಾಗುವ ಮೊದಲಿನ ಎರಡು ವಾರಗಳಲ್ಲೇ ರೋಗಿಯ ಮಲದಲ್ಲಿ ವೈರಸ್ ಹೆಚ್ಚು. ಅಂದರೆ ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಮುಂದಿನ ಸುತ್ತಿಗೆ ಬೀಜ ಬಿದ್ದಾಗಿರುತ್ತದೆ. ಮೇಲಿಂದ ಕಾಮಾಲೆ ಅಂದಕೂಡಲೇ ನೆಲನೆಲ್ಲಿ ಅರೆದು ಕುಡಿಸುವ ಹಳ್ಳಿಮದ್ದಿನ ಕಡೆ ಹೋಗುವವರು ನಮ್ಮಲ್ಲಿ ಬಹಳ. ಅವರ ಹೆಸರು ಯಾವ ಆಸ್ಪತ್ರೆಯ ಪಟ್ಟಿಯಲ್ಲೂ ಇರುವುದಿಲ್ಲ.

ಸಮಾರಂಭಗಳಲ್ಲಿ ಗುಮಾನಿ ಪಡಬೇಕಾದದ್ದು ಬಿಸಿ ಹುಳಿ-ಸಾರಿಗಿಂತ ತಣ್ಣಗಿನವುಗಳ ಮೇಲೆ: ಬಾಯಾರಿಕೆಗೆ ಕೊಟ್ಟ ಶರಬತ್ತು, ಅದಕ್ಕೆ ಹಾಕಿದ ಐಸು, ಕೋಸಂಬರಿ. ಬಿಸಿನೀರೂ ಈ ಸಾಲಿಗೆ ಸೇರುತ್ತದೆ. ಪದಿಮುಖದ ಮರದ ಚಕ್ಕೆ ಹಾಕಿ ಕೆಂಪಗೆ ಕುದಿಸಿದ ನೀರನ್ನು ಕುಡಿಯುವ ಹದಕ್ಕೆ ತರಲು ಯಾರೋ ಒಂದು ಕೊಡ ಹಸಿ ನೀರು ಸುರಿಯುತ್ತಾರೆ. ಬಣ್ಣ ನೋಡಿದರೆ ಕುದಿಸಿದ್ದೇ, ಕುಡಿದದ್ದು ಬಾವಿಯದ್ದು. ಮೇ ಕೊನೆಗೆ ಬಾವಿಯ ತಳ ಕಂಡಿದ್ದರೆ ಬಾವಿಯದ್ದೂ ಅಲ್ಲ, ಟ್ಯಾಂಕರಿನದ್ದು. ಆ ಟ್ಯಾಂಕರ್ ಎಲ್ಲಿ ತುಂಬಿತು ಎನ್ನುವುದು ಮತ್ತೊಂದು ಹುಡುಕಾಟ.

ಆಗದೇ ಇದ್ದದ್ದು ಸಾಕ್ಷಿ ಹೇಳಿದ ದೊಡ್ಡ ಪ್ರಸಂಗ ದೆಹಲಿಯದ್ದು. 1955ರ ನವೆಂಬರಿನಲ್ಲಿ ನಜಫ್‌ಗಢ ಚರಂಡಿಯ ಕೊಳಚೆ ಯಮುನೆಯಲ್ಲಿ ಹಿಮ್ಮುಖವಾಗಿ ಹರಿದು, ವಜೀರಾಬಾದಿನಲ್ಲಿ ಕುಡಿಯುವ ನೀರೆತ್ತುವ ಜಾಗಕ್ಕೆ ಸೇರಿತು. ಡಿಸೆಂಬರ್-ಜನವರಿಯಲ್ಲಿ ಸುಮಾರು 29,300 ಮಂದಿಗೆ ಕಾಮಾಲೆ. ಅಷ್ಟು ಕೊಳಚೆ ಕುಡಿದ ಊರಿನಲ್ಲಿ ಟೈಫಾಯ್ಡ್ ಮಾತ್ರ ಏರಲಿಲ್ಲ. ಹೆಚ್ಚಿಗೆ ಹಾಕಿದ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ತಡೆದಿತ್ತು, ವೈರಸ್ ನುಸುಳಿತ್ತು. ಆಗ ಜೋಪಾನ ಮಾಡಿಟ್ಟ ರಕ್ತದ ಮಾದರಿಗಳನ್ನು ದಶಕಗಳ ನಂತರ ಪರೀಕ್ಷಿಸಿದಾಗ ಅದು ಎ ಅಲ್ಲ, ಹೆಪಟೈಟಿಸ್ ಇ ಎಂದು ತಿಳಿಯಿತು. ಹಾಗಾಗಿ "ನೀರು ಟೆಸ್ಟಿಗೆ ಕೊಟ್ಟೆವು, ಬ್ಯಾಕ್ಟೀರಿಯಾ ಇಲ್ಲ" ಎಂಬ ಚೀಟಿ ಕಾಮಾಲೆಯ ವಿಷಯದಲ್ಲಿ ಪೂರ್ತಿ ಉತ್ತರವಲ್ಲ.

ನಮ್ಮ ನೆಲದ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ಮುರಕಲ್ಲು ಗಟ್ಟಿಯಾಗಿ ಕಂಡರೂ ಒಳಗೆಲ್ಲ ತೂತು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಾಗದಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಬಾವಿಯ ನೀರು ಮೇಲೆ ಬರುತ್ತದೆ, ಕಕ್ಕಸು ಗುಂಡಿಯ ನೀರೂ ಅದೇ ತೂತುಗಳಲ್ಲಿ ಇಳಿಯುತ್ತದೆ. ಬಾವಿಗೂ ಗುಂಡಿಗೂ ಏಳೂವರೆ ಮೀಟರ್ ಅಂತರವಿರಬೇಕೆಂಬುದು ಕೇರಳದ ಕಟ್ಟಡ ನಿಯಮ. ಹತ್ತು ಸೆಂಟ್ಸ್ ಜಾಗದಲ್ಲಿ ನಿಮ್ಮ ಗುಂಡಿಯಿಂದ ನಿಮ್ಮ ಬಾವಿಗೆ ಆ ಅಂತರ ಸಿಕ್ಕೀತು, ಪಕ್ಕದ ಮನೆಯವರ ಗುಂಡಿ ಎಲ್ಲಿದೆ? ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರಂತೂ ಗುಡ್ಡದ ಹೊಟ್ಟೆಯಿಂದ ಬರುವಂಥದ್ದು, ಅದಕ್ಕೇನಾಗುತ್ತದೆ ಎನ್ನುತ್ತೇವೆ. ಗುಡ್ಡದ ತಲೆಯಲ್ಲಿ ಹೊಸ ಮನೆಗಳು ಏಳುವವರೆಗೆ ಆ ಮಾತು ನಡೆಯುತ್ತಿತ್ತು.

ಮತ್ತೆ ದೊಡ್ಡಮ್ಮ. ನಿಜ ಹೇಳಬೇಕೆಂದರೆ ಅವರು ಅಷ್ಟೇನೂ ಒಳ್ಳೆಯ ಸಾಕ್ಷಿಯಲ್ಲ. ಅವರ ತಲೆಮಾರಿನ ಹೆಚ್ಚಿನವರಿಗೆ ಹೆಪಟೈಟಿಸ್ ಎ ವೈರಸ್ ಚಿಕ್ಕಂದಿನಲ್ಲೇ, ಬಂದದ್ದು ತಿಳಿಯದ ಹಾಗೆ ಬಂದು ಹೋಗಿರುತ್ತದೆ, ಮತ್ತೆ ಬರುವುದಿಲ್ಲ. ಶುಚಿಯಾಗಿ ಬೆಳೆದ ಈಗಿನ ಹುಡುಗರಿಗೆ ಆ ರಕ್ಷಣೆ ಇಲ್ಲ, ಹಾಗಾಗಿ ಇಪ್ಪತ್ತರ ಆಸುಪಾಸಿನವರೇ ಮಲಗುತ್ತಾರೆ. ಮೊಮ್ಮಗನ ಜೊತೆ ತಿರುಗಿದ, ಅವನದೇ ವಯಸ್ಸಿನ, ಕಾಯಿಲೆ ಬೀಳದ ಗೆಳೆಯ ಸಿಕ್ಕಿದರೆ ಅವನ ಮಾತಿಗೆ ತೂಕ ಜಾಸ್ತಿ. ಜೆಎಚ್‌ಐಗೆ ಇದು ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ದೊಡ್ಡಮ್ಮನ ಹೊಟ್ಟೆಯ ಸಮಾಚಾರವಲ್ಲ, ನೆನಪು.

"ಒಂದು ತಿಂಗಳ ಹಿಂದೆ ಎಲ್ಲೆಲ್ಲ ಊಟಕ್ಕೆ ಹೋಗಿದ್ರಿ ಅಮ್ಮ?"

ದೊಡ್ಡಮ್ಮ ಎದ್ದು ಒಳಗೆ ಹೋಗಿ, ಮದುವೆ ಕಾಗದಗಳನ್ನು ಚುಚ್ಚಿಟ್ಟ ಸರಿಗೆಯನ್ನೇ ಕಿತ್ತು ತಂದರು. ಮೇ ತಿಂಗಳದ್ದು ಐದಿದ್ದವು. ಯಾವುದಕ್ಕೆ ಮೊಮ್ಮಗ ಬಂದಿದ್ದ, ಯಾವುದಕ್ಕೆ ಇಲ್ಲ, ಎಲ್ಲಿ ಐಸ್ ಹಾಕಿದ ಶರಬತ್ತು ಕೊಟ್ಟರು, ತಾನು ಶೀತವೆಂದು ಎಲ್ಲಿ ಬೇಡವೆಂದೆ – ಒಂದೊಂದೇ ಬಂತು. ಮೂರು ಕಾಗದ ನೀರ್ಚಾಲು, ಪೆರ್ಲ, ಕುಂಬಳೆಯದ್ದು. ಎರಡು ವಿಟ್ಲ ಮತ್ತು ಮುಡಿಪಿನದ್ದು, ಕರ್ನಾಟಕಕ್ಕೆ ಸೇರಿದ ಊರುಗಳು. ನಮ್ಮ ಗಡಿಯ ತೊಡಕು ಇದೇ. ಮಂಜೇಶ್ವರದವರು ಮಂಗಳೂರಿನ ಆಸ್ಪತ್ರೆಗೆ ಹೋಗುತ್ತಾರೆ, ಅಲ್ಲಿ ನೆಂಟರ ಮನೆಯ ವಿಳಾಸ ಬರೆಸುತ್ತಾರೆ. ರೋಗಿ ಒಂದು ರಾಜ್ಯದ ಪಟ್ಟಿಯಲ್ಲಿ, ಅವರು ನೀರು ಕುಡಿದ ಬಾವಿ ಇನ್ನೊಂದರಲ್ಲಿ. ಎರಡು ಕಡೆಯೂ ನಾಲ್ಕು-ನಾಲ್ಕು ಕೇಸು ಕಂಡರೆ ಯಾರಿಗೂ ಅದು ಎಂಟು ಅನಿಸುವುದಿಲ್ಲ.

ಆಶಾ ಒಂದೊಂದೇ ಕಾಗದ ಬಿಡಿಸಿ ಮೊಬೈಲಿನಲ್ಲಿ ಫೋಟೊ ತೆಗೆದಳು. ಮೂರಾದ ಮೇಲೆ ಕೈ ನಿಲ್ಲಿಸಿ ಕೇಳಿದಳು: "ಇದೆರಡು ಆಚೆಯದ್ದು ಸಾರ್, ಬಿಡುವುದಾ?"

"ವೇಂಡ," ಅಂದರು ಜೆಎಚ್‌ಐ. "ಅದುಂ ಎಡುಕ್ಕು." ಬಿಡಬೇಡ, ಅದನ್ನೂ ತೆಗೆ ಅಂತ.