ಹಳೆಯ ಗಾಳದ ಕೋಲು, ಹಳೆಯ ರೀಲ್: ಹೊಳಪು ಕೊನೆಗಿರಲಿ

ಕೊಡಗು, ಚಿಕ್ಕಮಗಳೂರು ಕಡೆಯ ಎಸ್ಟೇಟ್ ಬಂಗಲೆಗಳ ಅಟ್ಟ ಖಾಲಿ ಮಾಡುವಾಗ ಬಟ್ಟೆಚೀಲದಲ್ಲಿ ಸುತ್ತಿಟ್ಟ ಗಾಳದ ಕೋಲು, ಜೊತೆಗೊಂದು ತುಕ್ಕು ಹಿಡಿದ ರೀಲ್ ಸಿಗುವುದುಂಟು. ಗುಜರಿಯಲ್ಲಿ, ಸಂಡೆ ಬಜಾರಿನಲ್ಲಿ, ಆನ್‌ಲೈನ್ ಮಾರಾಟದಲ್ಲೂ ಇವು ಆಗಾಗ ಕಾಣಿಸಿಕೊಳ್ಳುತ್ತವೆ. ಕೊಂಡವರು ಮನೆಗೆ ತಂದ ಕೂಡಲೇ ಬ್ರಾಸೊ ಡಬ್ಬಿ, ಉಪ್ಪುಕಾಗದ ಹಿಡಿದು ಕೂರುತ್ತಾರೆ. ಕೆಡುವುದು ಅಲ್ಲೇ. ಮೀನು ಹಿಡಿಯುವಾಗ ಕೈಕೊಡುವ ಭಾಗಗಳು ಕಣ್ಣಿಗೆ ಕಾಣುವುದಿಲ್ಲ: ರೀಲಿನೊಳಗಿನ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ಹದವಾಗಿ ತಡೆದು ಬಿಡುವ ಏರ್ಪಾಡು) ವಾಷರ್‌ಗಳು, ದಾರವನ್ನು ಆಚೀಚೆ ಒಯ್ಯುವ ಪಾಲ್ ಎಂಬ ಪುಟ್ಟ ಹಲ್ಲು, ಕೋಲಿನ ಅಂಟು, ತುಂಡುಗಳನ್ನು ಜೋಡಿಸುವ ಫೆರೂಲ್. ಈ ನಾಲ್ಕು ಸರಿಯಾದ ಮೇಲೆ ಹೊಳಪಿನ ಮಾತು.

ಇಲ್ಲಿ ಹೇಳುವುದು ಹೆಚ್ಚಾಗಿ ಸಿಗುವ ಎರಡು ಸಾಮಾನುಗಳ ಬಗ್ಗೆ. ಒಂದು, ಬ್ರಿಟನ್ನಿನಲ್ಲಿ ಮಾಡಿದ ಸೀಳುಬಿದಿರಿನ ಕೋಲು, ಅಂದರೆ ಬಿದಿರಿನ ಆರು ಸೀಳುಗಳನ್ನು ಅಂಟಿಸಿ ಮಾಡಿದ್ದು. ಇನ್ನೊಂದು, ಸ್ವೀಡನ್ನಿನ ಆಬು ಕಂಪನಿಯ ಆಂಬಾಸಡರ್ 6000 ರೀಲ್. 1921ರಲ್ಲಿ ಸ್ವೆಂಗ್‌ಸ್ತಾ ಊರಲ್ಲಿ ಗಡಿಯಾರದ ಕಾರ್ಖಾನೆಯಾಗಿ ಶುರುವಾದ ಕಂಪನಿ ಅದು. ಆಂಬಾಸಡರ್ ಸರಣಿ ಹೊರಬಂದದ್ದು 1952ರಲ್ಲಿ. ಬಿಚ್ಚಿ ನೋಡಿದರೆ ಗಡಿಯಾರದವರ ಕೈಚಳಕ ತಿಳಿಯುತ್ತದೆ. ಪ್ರತಿ ಭಾಗವೂ ಬಿಚ್ಚಿ, ತೊಳೆದು, ಮತ್ತೆ ಕೂಡಿಸಲೆಂದೇ ಮಾಡಿದ್ದು.

ದುಡ್ಡು ಕೊಡುವ ಮೊದಲು ಕೋಲಿನ ತುಂಡುಗಳನ್ನು ಪಕ್ಕಪಕ್ಕ ನಿಲ್ಲಿಸಿ ಉದ್ದ ಹೋಲಿಸಿ. ಎರಡು ತುಂಡಿನ ಕೋಲಿನಲ್ಲಿ ತುದಿಯ ತುಂಡು ಎರಡು ಮೂರು ಇಂಚು ಕಡಿಮೆಯಿದ್ದರೆ ತುದಿ ಮುರಿದಿದೆ, ಮುರಿದ ಜಾಗದಲ್ಲೇ ದಾರ ಹಾಯುವ ರಿಂಗ್ ಅಂಟಿಸಿದ್ದಾರೆ ಎಂದೇ ಲೆಕ್ಕ. ಹಾಗಾದ ಕೋಲಿನ ಬಾಗು ಮತ್ತೆ ಮೊದಲಿನಂತಾಗದು. ಬುಡದಿಂದ ಒಂದು ಕಣ್ಣು ಮುಚ್ಚಿ ನೋಡಿ. ಸ್ವಲ್ಪ ಡೊಂಕಿದ್ದರೆ ಚಿಂತೆಯಿಲ್ಲ. ಆರು ಸೀಳುಗಳು ಕೂಡುವ ಗೆರೆಗಳ ಮೇಲೆ ಉಗುರು ಎಳೆಯಿರಿ. ಗೆರೆ ಬಾಯಿ ಬಿಟ್ಟಿದ್ದರೆ ಅಂಟು ಹೋಗಿದೆ. ಕೋಲನ್ನು ಜೋಡಿಸಿ ಮೆಲ್ಲಗೆ ಅಲ್ಲಾಡಿಸಿದಾಗ ಫೆರೂಲ್ ಹತ್ತಿರ 'ಟಕ್' ಎಂದರೆ ಲೋಹದ ಕೊಳವೆ ಬಿದಿರಿನಿಂದ ಸಡಿಲಾಗಿದೆ. ಇದು ರಿಪೇರಿಯಾಗುತ್ತದೆ, ಬೆಲೆ ಇಳಿಸಲು ಒಳ್ಳೆಯ ಕಾರಣವೂ ಹೌದು.

ರೀಲಿನಲ್ಲಿ ಹಿಡಿಯನ್ನು ಇಪ್ಪತ್ತು ಸುತ್ತು ನಿಧಾನವಾಗಿ ತಿರುಗಿಸಿ, ದಾರದ ಗೈಡ್ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ ತಾನೇ ಮರಳುತ್ತದೆಯೇ ನೋಡಿ. ಜಿಡ್ಡಿನಿಂದ ಬಿಗಿಯಾಗಿದ್ದರೆ ಪರವಾಗಿಲ್ಲ, ಕರಕರ ಎಂದರೆ ಗೇರಿನ ಹಲ್ಲು ಸವೆದಿರಬಹುದು. ರೀಲನ್ನು ಕೋಲಿಗೆ ಕೂರಿಸುವ ಪಾದದ ಕೆಳಗೆ ಸಂಖ್ಯೆ ಒತ್ತಿದ್ದರೆ ಓದಿಕೊಳ್ಳಿ. 1970ರ ದಶಕದ ನಡುವಿನಿಂದ ಬಂದವುಗಳಲ್ಲಿ ಮೊದಲೆರಡು ಅಂಕಿ ವರ್ಷ, ಮುಂದಿನೆರಡು ತಿಂಗಳು. ಬಿಡಿಭಾಗ ತರಿಸುವಾಗ ಇದು ಬೇಕಾಗುತ್ತದೆ, ಏಕೆಂದರೆ 6000ದಲ್ಲಿ ಸ್ಪೂಲ್ (ದಾರ ಸುತ್ತುವ ಉರುಳೆ) ತಿರುಗುವುದು ಗುಂಡುಗಳಿಲ್ಲದ ಸಾದಾ ಬುಶ್ ಮೇಲೆ, ನಂತರದ 6500ಸಿಯಲ್ಲಿ ಬಾಲ್ ಬೇರಿಂಗ್ ಮೇಲೆ. ನೋಡಲು ಅಣ್ಣತಮ್ಮಂದಿರು, ಒಳಗೆ ಬೇರೆ.

ಒಟ್ಟಿಗೆ ಸಿಕ್ಕಿತೆಂದು ಕೋಲೂ ರೀಲೂ ಜೋಡಿಯೆಂದುಕೊಳ್ಳಬೇಡಿ. ಆಂಬಾಸಡರ್ ಕೋಲಿನ ಮೇಲೆ ಕೂರುವ ರೀಲ್, ಅದಕ್ಕೆ ರಿಂಗುಗಳು ಚಿಕ್ಕದಿದ್ದರೆ ಸಾಕು. ಮೊದಲ ರಿಂಗ್ ಬಳೆಯಷ್ಟು ದೊಡ್ಡದಿದ್ದರೆ ಆ ಕೋಲು ಕೆಳಗೆ ತೂಗುವ ಸ್ಪಿನ್ನಿಂಗ್ ರೀಲಿಗೆ ಮಾಡಿದ್ದು.

ಈಗ ರೀಲ್ ಬಿಚ್ಚೋಣ. ಬೇಕಾದ್ದು ಸ್ಕ್ರೂ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್, ಅಳತೆಗೆ ಸರಿಯಾದ ಪಾನಾ, ಬಿಳಿ ಬಟ್ಟೆ, ಮೊಟ್ಟೆ ಟ್ರೇ, ಮೊಬೈಲ್ ಕ್ಯಾಮೆರಾ. ಬಿಚ್ಚಿದ ಕ್ರಮದಲ್ಲೇ ಭಾಗಗಳನ್ನು ಟ್ರೇಯ ಗುಳಿಗಳಿಗೆ ಹಾಕುತ್ತಾ ಹೋಗಿ, ಪ್ರತಿ ಹಂತಕ್ಕೆ ಒಂದು ಫೋಟೊ. ಬೆರಳಲ್ಲಿ ತಿರುಗಿಸುವ ಮೂರು ಸ್ಕ್ರೂ ಸಡಿಲಿಸಿದರೆ ರೀಲ್ ಎರಡಾಗುತ್ತದೆ, ಸ್ಪೂಲ್ ಕೈಗೆ ಬರುತ್ತದೆ. ಆಮೇಲೆ ಹಿಡಿಯ ನಟ್, ಹಿಡಿ, ನಕ್ಷತ್ರದಾಕಾರದ ಡ್ರ್ಯಾಗ್ ಚಕ್ರ, ಅದರ ಕೆಳಗೆ ಬಾಗಿದ ಎರಡು ಸ್ಪ್ರಿಂಗ್ ವಾಷರ್. ಇವೆರಡು ಒಂದಕ್ಕೊಂದು ಎದುರುಬದುರಾಗಿ, ನಡುವೆ ಟೊಳ್ಳು ಬರುವಂತೆ ಕೂರಬೇಕು. ಒಂದೇ ದಿಕ್ಕಿಗೆ ಪೇರಿಸಿದರೆ ಡ್ರ್ಯಾಗ್ ಕಾಲು ಸುತ್ತಿನಲ್ಲೇ ಸಡಿಲದಿಂದ ಪೂರ್ತಿ ಬಿಗಿಗೆ ಹೋಗಿಬಿಡುತ್ತದೆ, ನಡುವಿನ ಹದ ಸಿಗುವುದಿಲ್ಲ.

ಹಿಡಿಯ ಬದಿಯ ಮುಚ್ಚಳ ಎತ್ತುವಾಗ ಆತುರ ಬೇಡ. ಸ್ಪೂಲನ್ನು ಗೇರಿನಿಂದ ಬಿಡಿಸುವ ಕವಲಿನಂಥ ತುಂಡನ್ನು ಕೂದಲೆಳೆಯಂಥ ಎರಡು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತವೆ. ಮುಚ್ಚಳ ತೆಗೆದ ಕ್ಷಣ ಅವು ಹಾರುತ್ತವೆ. ಅಗಲವಾದ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಿಚ್ಚಿದರೆ ಹಾರಿದರೂ ಚೀಲದಲ್ಲೇ ಬೀಳುತ್ತವೆ. ಒಂದು ಸ್ಪ್ರಿಂಗ್ ಕಳೆದರೆ ಕವಲು ಓರೆಯಾಗಿ ಕೂತು, ಹಿಡಿ ತಿರುಗಿಸಿದರೂ ಸ್ಪೂಲ್ ಗೇರಿಗೆ ಸಿಗುವುದಿಲ್ಲ.

ಹಳೆಯ ಗ್ರೀಸ್ ಬೆಲ್ಲದ ಅಂಟಿನಂತೆ ಗಟ್ಟಿಯಾಗಿರುತ್ತದೆ. ಲೋಹದ ಭಾಗಗಳನ್ನು ಮಾತ್ರ ಒಂದೆರಡು ಗಂಟೆ ಸೀಮೆಎಣ್ಣೆಯಲ್ಲಿ ನೆನೆಸಿ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಪಾತ್ರೆ ಸೋಪಿನ ನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಫೈಬರ್, ಚರ್ಮದ ವಾಷರ್‌ಗಳು ಸೀಮೆಎಣ್ಣೆಗೆ ಬೀಳಬಾರದು. ಹಿತ್ತಾಳೆ ಗೇರಿನ ಹಸಿರು ಕಿಲುಬಿಗೆ ಹುಣಸೆಹುಳಿ ಸಾಕು: ಎರಡು ಮೂರು ನಿಮಿಷ, ತೊಳೆತ, ಅಡುಗೆ ಸೋಡಾ ನೀರಲ್ಲಿ ಒಂದು ಅದ್ದು, ಮತ್ತೆ ತೊಳೆತ. ಬಣ್ಣ ಕಟ್ಟಿದ ಅಲ್ಯೂಮಿನಿಯಂ ಪಕ್ಕದ ತಟ್ಟೆಗಳಿಗೆ ಹುಳಿಯೂ ಬೇಡ, ವಾಷಿಂಗ್ ಸೋಡಾವೂ ಬೇಡ. ಎರಡೂ ಆ ಮೇಲ್ಪದರವನ್ನು ತಿನ್ನುತ್ತವೆ, ಹೋದ ಬಣ್ಣ ಮನೆಯಲ್ಲಿ ಬರುವುದಿಲ್ಲ. ಕ್ರೋಮ್ ಎದ್ದು ಗುಳಿಬಿದ್ದ ಕಡೆಯೂ ಹುಳಿ ತಾಗಬಾರದು. ಅದು ಪದರದ ಅಡಿಗೆ ನುಗ್ಗಿ ಉಳಿದದ್ದನ್ನೂ ಎಬ್ಬಿಸುತ್ತದೆ. ಸಿಕ್ಕಿಬಿದ್ದ ಸ್ಕ್ರೂ ಇದ್ದರೆ ತುಕ್ಕು ಸಡಿಲಿಸುವ ಎಣ್ಣೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಇಡಿ. ಆಗಲೂ ಬಾರದಿದ್ದರೆ ಬಿಸಿ ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಅರ್ಧ ನಿಮಿಷ ಒತ್ತಿ.

ಡ್ರ್ಯಾಗ್ ವಾಷರ್‌ಗಳು ದೊಡ್ಡ ಗೇರಿನ ಹೊಟ್ಟೆಯೊಳಗೆ ಒಂದು ಫೈಬರ್, ಒಂದು ಲೋಹ ಎಂಬಂತೆ ಪೇರಿಸಿರುತ್ತವೆ. ಲೋಹದವುಗಳಲ್ಲಿ ಕೆಲವಕ್ಕೆ ಹೊರಗೆ ಕಿವಿ, ಅವು ಗೇರಿನ ಜೊತೆ ತಿರುಗುತ್ತವೆ. ಉಳಿದವಕ್ಕೆ ನಡುವಿನ ತೂತು ಚಪ್ಪಟೆ, ಅವು ಅಕ್ಷದ ಜೊತೆ ತಿರುಗುತ್ತವೆ. ಈ ಎರಡು ಜಾತಿ ಒಂದು ಬಿಟ್ಟು ಒಂದು ಬಂದರೆ ಮಾತ್ರ ಉಜ್ಜಾಟ ಹುಟ್ಟಿ ದಾರಕ್ಕೆ ತಡೆ ಸಿಗುತ್ತದೆ. ಫೋಟೊ ಇಲ್ಲದೆ ಕೂಡಿಸಿದವರು ಒಂದೇ ಜಾತಿಯ ಎರಡನ್ನು ಒಟ್ಟಿಗಿಟ್ಟು, ಚಕ್ರ ಎಷ್ಟು ಬಿಗಿದರೂ ಡ್ರ್ಯಾಗ್ ಜಾರುತ್ತದೆ ಎಂದು ದೂರುತ್ತಾರೆ. ಫೈಬರ್ ವಾಷರ್ ಮಿರಮಿರ ಮಿಂಚುತ್ತಿದ್ದರೆ ಅದರ ಹಿಡಿತ ಹೋಗಿದೆ, ಬದಲಿಸಿ. ಈಗ ಕಾರ್ಬನ್ ಫೈಬರ್ ವಾಷರ್ ಸಿಗುತ್ತವೆ, ಹಳೆಯದಕ್ಕಿಂತ ಮೇಲು. ಆದರೆ ವರ್ನಿಯರ್‌ನಲ್ಲಿ ಹಳೆಯದರ ದಪ್ಪ ಅಳೆದೇ ತನ್ನಿ. ಒಂದೊಂದು ಸ್ವಲ್ಪ ದಪ್ಪವಾದರೂ ಪೇರಿಕೆ ಎತ್ತರವಾಗಿ ಡ್ರ್ಯಾಗ್ ಚಕ್ರಕ್ಕೆ ತಿರುಗಲು ಜಾಗ ಉಳಿಯುವುದಿಲ್ಲ. ಲೋಹದ ವಾಷರ್‌ನಲ್ಲಿ ಗೀರಿದ್ದರೆ ಗಾಜಿನ ಮೇಲೆ 400 ನಂಬರಿನ ಕಾಗದ ಹಾಸಿ ನಾಲ್ಕೈದು ಸಲ ಸುತ್ತಾಡಿಸಿದರೆ ಸಾಕು.

ಪಾಲ್ ಇರುವುದು ದಾರದ ಗೈಡಿನ ಅಡಿಯ ಮುಚ್ಚಳದೊಳಗೆ. ಅಡ್ಡಸುತ್ತು ಗಾಡಿ (ತೋಡು) ಕೊರೆದ ದಂಡದ ಮೇಲೆ ಇದರ ತುದಿ ಓಡುತ್ತದೆ. ಅಗ್ಗದ ತುಂಡು, ಸವೆಯಲೆಂದೇ ಇರುವುದು. ಅದನ್ನು ಉಳಿಸಲು ಹೋಗಿ ದುಬಾರಿ ದಂಡ ಕೆಡಿಸಿಕೊಳ್ಳುವುದರಲ್ಲಿ ಜಾಣತನವಿಲ್ಲ. ತುದಿ ಚೂಪಾಗಿ ಕತ್ತಿಯಂತಾಗಿದ್ದರೆ ಹೊಸದು ಹಾಕಿ. ಹಾಕುವಾಗ ಮುಚ್ಚಳವನ್ನು ಬೆರಳಲ್ಲಿ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಹಿಡಿಯನ್ನು ನಿಧಾನ ಸುತ್ತಬೇಕು. ಪಾಲ್ ಗಾಡಿಗೆ ಇಳಿದದ್ದು ಬೆರಳಿಗೆ ತಿಳಿಯುತ್ತದೆ. ಗಾಡಿಯ ದಿಬ್ಬದ ಮೇಲೆ ನಿಂತಿರುವಾಗಲೇ ಮುಚ್ಚಳ ಬಿಗಿದರೆ ಹೊಸ ಪಾಲ್‌ನ ತುದಿ ಮೊದಲ ದಿನವೇ ಮುರಿಯುತ್ತದೆ.

ಎಣ್ಣೆ, ಗ್ರೀಸ್ ವಿಷಯದಲ್ಲಿ ಕೈ ಬಿಗಿಯಿರಲಿ. ಗೇರಿನ ಹಲ್ಲಿಗೆ ತೆಳುವಾಗಿ ಗ್ರೀಸ್, ಸ್ಪೂಲಿನ ಎರಡು ಬುಶ್ಶಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ. ದಾರದ ಗೈಡಿನ ದಂಡಕ್ಕೂ ಎಣ್ಣೆಯೇ. ಗ್ರೀಸ್ ಹಚ್ಚಿದರೆ ಹೊಳೆಮರಳು ಅಂಟಿ ಅರೆಯುವ ಕಾಗದದಂತಾಗುತ್ತದೆ. ಸ್ಪೂಲಿನ ಪಕ್ಕ ಕಡ್ಡಿಯ ಮೇಲೆ ಜಾರುವ ಎರಡು ಪುಟ್ಟ ಬ್ರೇಕ್ ತುಂಡುಗಳಿಗೆ ಏನೂ ಹಚ್ಚಬಾರದು. ಎಸೆಯುವಾಗ ಅವು ಹೊರಗೆ ಸರಿದು ಉಜ್ಜಿ ಸ್ಪೂಲಿನ ವೇಗ ತಗ್ಗಿಸುತ್ತವೆ, ಜಿಡ್ಡಾದರೆ ದಾರ ಹಕ್ಕಿಗೂಡಾಗುತ್ತದೆ.

ಕೂಡಿಸಿದ ಮೇಲೆ ಡ್ರ್ಯಾಗನ್ನು ಸ್ಪ್ರಿಂಗ್ ತಕ್ಕಡಿಯಲ್ಲಿ ಅಳೆಯಿರಿ. ಕೋಲಿಗೆ ಹಾಕದೆ, ರೀಲಿನಿಂದ ನೇರವಾಗಿ ದಾರ ಎಳೆಯಬೇಕು. ದಾರ ತಾಳುವ ತೂಕದ ಕಾಲು ಭಾಗಕ್ಕೆ ಡ್ರ್ಯಾಗ್ ಬಿಡಬೇಕು, ಅಂದರೆ 8 ಕಿಲೊ ದಾರಕ್ಕೆ 2 ಕಿಲೊ. ಮುಳ್ಳು ಮೊದಲು 3ಕ್ಕೆ ಜಿಗಿದು ಆಮೇಲೆ 2ಕ್ಕೆ ಬಂದರೆ ವಾಷರ್ ಕಚ್ಚಿಕೊಳ್ಳುತ್ತಿದೆ. ಮೀನು ಓಡುವ ಮೊದಲ ಕ್ಷಣದಲ್ಲೇ ದಾರ ತುಂಡಾಗುವುದು ಈ ಜಿಗಿತದಿಂದ.

ಕೋಲಿನ ಕೆಲಸ ಬೇರೆ ಥರ. ರೀಲಿನಲ್ಲಿ ಮಾಡಿದ ತಪ್ಪನ್ನು ಬಿಡಿಭಾಗ ತಂದು ತಿದ್ದಬಹುದು, ಬಿದಿರಿನಲ್ಲಿ ಅರೆದುಹೋದದ್ದು ಹೋದಂತೆಯೇ. ಬಿದಿರಿನ ಬಲವೆಲ್ಲ ಹೊರಚರ್ಮದ ಒತ್ತಾದ ನಾರಿನಲ್ಲಿದೆ. ಉಪ್ಪುಕಾಗದ ಅದನ್ನೇ ತೆಗೆಯುತ್ತದೆ. ಒಂದು ಕಾಲಕ್ಕೆ ಈ ಕೋಲುಗಳಿಗೆ ನಮ್ಮ ದೇಶದ ಗಟ್ಟಿ ಬಿದಿರೇ ಕಲ್ಕತ್ತ ಬಂದರಿನಿಂದ ಹೋಗುತ್ತಿತ್ತು, 'ಕಲ್ಕತ್ತ ಕೇನ್' ಎಂದೇ ಹೆಸರು. ಮೈಮೇಲೆ ಸುಟ್ಟ ಕಲೆಗಳಿರುತ್ತವೆ. ನಂತರ ದಕ್ಷಿಣ ಚೀನಾದ ಟಾಂಕಿನ್ ಬಿದಿರು ಅದರ ಜಾಗಕ್ಕೆ ಬಂತು. ಇಂಚಿಗೊಂದರಂತೆ ಒತ್ತೊತ್ತಾಗಿ ದಾರದ ಸುತ್ತಿರುವ ಕೋಲು ಹೆಚ್ಚಾಗಿ ಹಳೆಯದು, ಅದರ ಅಂಟು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು. ಬಿಸಿನೀರು, ಬಿಸಿಗಾಳಿ ಎರಡಕ್ಕೂ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಡೊಂಕು ತೆಗೆಯಲು ಹೀಟ್ ಗನ್ ಹಿಡಿಯುವ ಯೋಚನೆ ಇಂಥ ಕೋಲಿಗೆ ಬೇಡ, ಡೊಂಕು ಇದ್ದರೆ ಇರಲಿ.

ಮೊದಲು ಬುಡದಿಂದ ಪ್ರತಿ ರಿಂಗಿಗೆ ಎಷ್ಟು ದೂರ, ಸುತ್ತಿನ ಅಗಲ ಎಷ್ಟು, ದಾರದ ಬಣ್ಣ ಯಾವುದು ಎಂದು ಬರೆದಿಟ್ಟುಕೊಳ್ಳಿ. ರಿಂಗಿನ ಒಳಗೆ ಹತ್ತಿ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಗೀರು ಅಥವಾ ಬಿರುಕಿದೆ, ಅದೇ ದಾರ ಕೊಯ್ಯುತ್ತದೆ. ಹಳೆಯ ವಾರ್ನಿಷನ್ನು ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಕೆರೆದು ತೆಗೆಯಿರಿ. ಪೇಂಟ್ ಕರಗಿಸುವ ರಾಸಾಯನಿಕ ಅಂಟಿನೊಳಗೆ ಇಳಿಯುತ್ತದೆ, ಅದು ಬೇಡ.

ಸಿಕ್ಕಿಬಿದ್ದ ಫೆರೂಲನ್ನು ತಿರುಚಬಾರದು, ಬಿದಿರು ಸೀಳುತ್ತದೆ. ಇಬ್ಬರು ಎದುರುಬದುರು ನಿಂತು, ಒಬ್ಬೊಬ್ಬರೂ ಒಂದು ಕೈಯನ್ನು ಜೋಡಣೆಯ ಆಚೆ, ಇನ್ನೊಂದನ್ನು ಈಚೆ ಹಿಡಿದು ನೇರವಾಗಿ ಎಳೆಯಬೇಕು. ಬಂದ ಮೇಲೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಅಷ್ಟೇ. ಒಳಕೊಳವೆಗೆ ಪಾಲಿಶ್ ಹಚ್ಚಿ ಉಜ್ಜಿದರೆ ಲೋಹ ತೆಳುವಾಗಿ ಜೋಡಣೆ ಶಾಶ್ವತವಾಗಿ ಸಡಿಲಾಗುತ್ತದೆ. ಬಿದಿರಿನಿಂದಲೇ ಸಡಿಲಾದ ಫೆರೂಲಿಗೆ ಅಡ್ಡ ಮೊಳೆಯಿದೆಯೇ ನೋಡಿ ಮೊದಲು ಅದನ್ನು ತಟ್ಟಿ ತೆಗೆಯಿರಿ, ಸ್ಪಿರಿಟ್ ದೀಪದ ಮೇಲೆ ಲೋಹವನ್ನಷ್ಟೇ ಕಾಯಿಸಿ ಎಳೆದು, ಎರಡೂ ಕಡೆ ಕೆರೆದು, ನಿಧಾನ ಗಟ್ಟಿಯಾಗುವ ಎಪಾಕ್ಸಿಯಲ್ಲಿ ಕೂರಿಸಿ.

ದಾರ ಸುತ್ತಲು ತೆಳುವಾದ ರೇಷ್ಮೆ ಎಳೆ ಚೆಂದ. ಉಂಡೆಯನ್ನು ಲೋಟದಲ್ಲಿಟ್ಟು, ಎಳೆಯನ್ನು ದಪ್ಪ ಪುಸ್ತಕದ ಹಾಳೆಗಳ ನಡುವೆ ಹಾಯಿಸಿದರೆ ಒಂದೇ ಬಿಗಿ ಸಿಗುತ್ತದೆ. ರಿಂಗಿನ ಪಾದದ ತುದಿಯನ್ನು ಅರದಿಂದ ಓರೆಯಾಗಿ ತೆಳುಮಾಡಿ, ಇಲ್ಲದಿದ್ದರೆ ದಾರ ಹತ್ತುವಲ್ಲಿ ಸಂದು ಬೀಳುತ್ತದೆ. ಪಾದಕ್ಕಿಂತ 3 ಮಿಲಿಮೀಟರ್ ಈಚೆಗೆ ಶುರುಮಾಡಿ, ಮೊದಲ ಐದಾರು ಸುತ್ತಿನಡಿ ಎಳೆಯ ತುದಿಯನ್ನೇ ಸಿಕ್ಕಿಸಿ ಕತ್ತರಿಸಿ. ಮುಗಿಯಲು ಏಳೆಂಟು ಸುತ್ತಿರುವಾಗ ಬೇರೆ ದಾರದ ಕುಣಿಕೆಯಿಟ್ಟು ಅದರ ಮೇಲೆ ಸುತ್ತಿ, ಕೊನೆಯನ್ನು ಕುಣಿಕೆಗೆ ತೂರಿಸಿ ಹಿಂದಕ್ಕೆಳೆಯಿರಿ. ಹೊಸ ಬ್ಲೇಡಿನಿಂದ ತುದಿ ಕೊಯ್ದರೆ ಗಂಟಿಲ್ಲದ ಸುತ್ತು. ರೇಷ್ಮೆಗೆ ನೇರವಾಗಿ ವಾರ್ನಿಷ್ ಹಾಕಿದರೆ ಬಣ್ಣ ಕಪ್ಪಾಗಿ ಒಳಗಿನ ಲೋಹ ಕಾಣುತ್ತದೆ; ಬಣ್ಣ ಉಳಿಯಬೇಕಿದ್ದರೆ ಮೊದಲು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಎರಡು ಕೈ. ಆಮೇಲೆ ಹೊರಾಂಗಣಕ್ಕೆ ಬಳಸುವ ಎಣ್ಣೆ ವಾರ್ನಿಷ್ ಮೂರು ತೆಳು ಕೈ, ಮೊದಲನೆಯದಕ್ಕೆ ಐದನೇ ಒಂದು ಪಾಲು ಟರ್ಪೆಂಟೈನ್ ಬೆರೆಸಿ, ಕೈಯಿಂದ ಕೈಗೆ ಎರಡು ದಿನ ಬಿಟ್ಟು. ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ, ತೇವ ಒಳಗೆ ಸಿಕ್ಕಿ ಮೈಯೆಲ್ಲ ಬೆಳ್ಳಗಾಗುತ್ತದೆ. ಪೀಠೋಪಕರಣದ ಗಟ್ಟಿ ಲ್ಯಾಕರ್ ಕೋಲು ಬಾಗಿದ ಕೂಡಲೇ ಬಿರಿಯುತ್ತದೆ.

ಕಾರ್ಕ್ ಹಿಡಿಯನ್ನು ಸೋಪು ನೀರಲ್ಲಿ ಉಜ್ಜಿ, ಗುಳಿಗಳಿಗೆ ಕಾರ್ಕ್ ಪುಡಿ ಮತ್ತು ನೀರು ತಡೆಯುವ ಮರದ ಅಂಟು ಕಲಸಿ ತುಂಬಿ. ಒಣಗಿದ ಮೇಲೆ 320ರ ಕಾಗದ ಹಗುರವಾಗಿ. ವಾರ್ನಿಷ್ ಬೇಡ, ಒದ್ದೆ ಕೈಯಲ್ಲಿ ಜಾರುತ್ತದೆ.

ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು 120 ಪೌಂಡಿನ ಮಹಶೀರ್ ಮೀನು ಹಿಡಿದದ್ದು ಇಂಥ ಬಿದಿರಿನ ಕೋಲುಗಳ ಕಾಲದಲ್ಲಿ. ಈಗ ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಿಂದ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಎಲ್ಲಿ ಗಾಳ ಹಾಕುವುದಾದರೂ ಅನುಮತಿ ಕೇಳಿಯೇ ಹಾಕಿ. ರಿಪೇರಿಯಾದ ಬಿದಿರಿನ ಕೋಲಿಗೆ ಕೆರೆಯ ಮಧ್ಯಮ ಗಾತ್ರದ ಮೀನೇ ಸರಿ. ದಾರ 6ರಿಂದ 8 ಕಿಲೊ ತಾಳುವ ಮಾನೊ (ಒಂಟಿ ಎಳೆಯ) ನೈಲಾನ್. ಹೊಸ ಹೆಣೆದ ದಾರ ಹಿಗ್ಗುವುದಿಲ್ಲ, ಅದರ ಜಗ್ಗಾಟವೆಲ್ಲ ಹಳೆಯ ಅಂಟಿನ ಮೇಲೆ ಬೀಳುತ್ತದೆ, ಹಳೆಯ ರಿಂಗುಗಳಲ್ಲೂ ಗಾಡಿ ಕೊರೆಯುತ್ತದೆ. ಮೊದಲು ಬಯಲಲ್ಲಿ ಹಗುರ ತೂಕ ಕಟ್ಟಿ ಹತ್ತಿಪ್ಪತ್ತು ಸಲ ಎಸೆದು, ಸುತ್ತುಗಳ ಅಂಚಿನಲ್ಲಿ ವಾರ್ನಿಷ್ ಬಿರುಕು ಬಿಟ್ಟಿದೆಯೇ ನೋಡಿ. ಬಿಟ್ಟಿದ್ದರೆ ಆ ರಿಂಗ್ ಅಲ್ಲಾಡುತ್ತಿದೆ, ಅದೊಂದನ್ನು ಮತ್ತೆ ಸುತ್ತಿದರೆ ಸಾಕು. ಎತ್ತಿಡುವಾಗ ಡ್ರ್ಯಾಗ್ ಚಕ್ರ ಪೂರ್ತಿ ಸಡಿಲಿಸಿ, ಕೋಲನ್ನು ಒಣಬಟ್ಟೆಯ ಚೀಲದಲ್ಲಿ ನೇತುಹಾಕಿ. ಪ್ಲಾಸ್ಟಿಕ್ ಪೈಪಿನೊಳಗೆ ತೇವದ ಚೀಲ ತುರುಕಿ ಮುಚ್ಚಿಟ್ಟರೆ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿದು ಅಂಟು ಬಿಡುತ್ತದೆ.